ಕುಣಿಗಲ್ ಕೆರೆ ಹಾಡು ಕಟ್ಟಿದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

(ಅಯ್ಯನೋ ಅವ್ವನೋ ಗೊತ್ತಿಲ್ಲದ್ದಕ್ಕೆ ಹೀಗೆ ಕರೆದಿದ್ದೇನೆ, ಮನ್ನಿಸಿ.)

ನಿಮ್ಮ ಹಾಡು ಇಲ್ಲಿ ಕ್ಷೇಮ. ಗಣಪತಿ ಪೆಂಡಾಲು, ಮದುವೆ ಆರ್ಕೆಸ್ಟ್ರಾ, ಶಾಲಾ ವಾರ್ಷಿಕೋತ್ಸವ ಅಂತ ಈಗಲೂ ದುಡಿಯುತ್ತಿದೆ. ಸಂಬಳವಿಲ್ಲ, ರಜೆಯೂ ಇಲ್ಲ. ಈಚೆಗೆ ಬಡ್ತಿಯೂ ಸಿಕ್ಕಿತು. ತುಮಕೂರಿನ ಎಂಜಿನಿಯರಿಂಗ್ ಹುಡುಗರ ಬ್ಯಾಂಡೊಂದು ಅದಕ್ಕೆ ಎಲೆಕ್ಟ್ರಿಕ್ ಗಿಟಾರು ತೊಡಿಸಿ ತನ್ನ ಮೊದಲ ಆಲ್ಬಂಗೆ ಸೇರಿಸಿಕೊಂಡಿದೆ. ವಿಡಿಯೊ ಕೊನೆಯಲ್ಲಿ ಬಂದ ಹೆಸರುಗಳನ್ನೆಲ್ಲ ಓದಿದೆ. ಸಂಗೀತ, ಮಿಕ್ಸಿಂಗ್, ಮೇಕಪ್ಪು, ಡ್ರೋನು ಎಲ್ಲಕ್ಕೂ ಇನಿಷಿಯಲ್ ಸಮೇತ ಒಬ್ಬೊಬ್ಬರಿದ್ದಾರೆ. ಊಟ ಹಾಕಿಸಿದ ಚಿಕ್ಕಪ್ಪನಿಗೂ ವಂದನೆಯಿದೆ. ನಿಮ್ಮ ಸರದಿ ಬಂದಾಗ ‘ಸಾಹಿತ್ಯ: ಜಾನಪದ’ ಅಂತ ಹಾಕಿ ಕೈತೊಳೆದುಕೊಂಡಿದ್ದಾರೆ.

ಹುಡುಗರನ್ನು ಬೈಯಬೇಡಿ. ಹಿರಿಯರು ತುಳಿದ ದಾರಿ ಅದು. ಇಂಗ್ಲೆಂಡಿನ ಲೆಡ್ ಜೆಪ್ಲಿನ್ ತಂಡ ತನ್ನ ಮೊದಲ ಆಲ್ಬಂ ಅನ್ನು 1968ರಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಹೆಚ್ಚುಕಡಿಮೆ 36 ತಾಸಿನಲ್ಲಿ ಮುಗಿಸಿತು. 1969ರಲ್ಲಿ ಹೊರಬಂದು ಅಮೆರಿಕ ಬ್ರಿಟನ್ನುಗಳೆರಡರಲ್ಲೂ ಮೊದಲ ಹತ್ತರ ಪಟ್ಟಿಗೇರಿತು. ಅದರಲ್ಲಿ ‘ಬೇಬ್ ಐಮ್ ಗಾನಾ ಲೀವ್ ಯೂ’ ಎಂಬ ಹಾಡಿದೆ. ಗಾಯಕಿ ಜೋನ್ ಬಯಾಜ್ 1962ರ ಗಾನತಟ್ಟೆಯಲ್ಲಿ ಹಾಡಿದ್ದನ್ನು ಕೇಳಿ ಎತ್ತಿಕೊಂಡದ್ದು. ಹಳೆಯ ಕಾಲದ ಹಾಡು, ಹೊಂದಿಸಿದ್ದು ತಂಡದ ಗಿಟಾರಿಗ ಜಿಮ್ಮಿ ಪೇಜ್ ಎಂದು ಅಚ್ಚು ಹಾಕಿಸಿದರು. ಅಂದರೆ ನಿಮ್ಮದೇ ಜಾತಿ! ಆದರೆ ಅದನ್ನು 1950ರ ದಶಕದಲ್ಲಿ ಬರೆದ ಆ್ಯನ್ ಬ್ರೆಡನ್ ಎಂಬಾಕೆ ಅಮೆರಿಕದಲ್ಲಿ ಗಟ್ಟಿಮುಟ್ಟಾಗಿಯೇ ಇದ್ದರು. ಸುದ್ದಿ ಅವರ ಕಿವಿಗೆ ಬಿದ್ದದ್ದು 1980ರ ದಶಕದಲ್ಲಿ. ಆಮೇಲೆ ಹೆಸರೂ ಬಂತು, ಬಾಕಿ ರಾಯಲ್ಟಿಯೂ ಬಂತು.

ನಿಮ್ಮ ತಪ್ಪು ಈಗ ತಿಳಿಯಿತೇ? ಬದುಕಿದ್ದು ತಕರಾರು ಮಾಡಬೇಕಿತ್ತು. ಹೋಗಲಿ, ಪಕ್ಕದ ಗುಬ್ಬಿಯವರನ್ನು ನೋಡಿಯಾದರೂ ಕಲಿಯಬಾರದಿತ್ತೇ? 1884ರಲ್ಲಿ ನಾಟಕ ಕಂಪನಿ ಕಟ್ಟಿ ಊರಿನ ಹೆಸರನ್ನೇ ಬೋರ್ಡಿಗೆ ಏರಿಸಿದರು. ಆ ಕಂಪನಿಯ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು; ಕರಪತ್ರ ಹಂಚುವುದನ್ನು ಮಾತ್ರ ಮರೆಯಲಿಲ್ಲ. ಇವತ್ತು ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರು. ನಿಮ್ಮ ಹಾಡು ಅಲ್ಲಿಯೂ ಮೊಳಗುತ್ತದೆ, ಹೆಸರಿಲ್ಲದೆ.

ಒಬ್ಬರೇ ಕಟ್ಟಿದ್ದಲ್ಲ, ಬೀಸುತ್ತಾ ನಾಟಿ ಹಾಕುತ್ತಾ ಹತ್ತು ಬಾಯಿ ಸೇರಿಸಿದ್ದು ಅಂತೀರೇನೋ. ಇರಬಹುದು, ಒಪ್ಪಿದೆ. ಹಾಗಾದರೆ ಯಾರ ಬಾಯಿಂದ ಕಲಿತಿರೋ ಆ ಅಜ್ಜಿಯ ಹೆಸರನ್ನಾದರೂ ಹಾಕಿ ಎಂದು ಗಿಟಾರಿನ ಹುಡುಗನಿಗೆ ಹೇಳಿದೆ. ‘ಬೇಡ ಸಾರ್, ಹೆಸರು ಹಾಕಿದರೆ ಯಾರಾದರೂ ಪಾಲು ಕೇಳ್ಕೊಂಡು ಬರ್ತಾರೆ’ ಅಂದ. ಎಂಜಿನಿಯರಿಂಗ್ ಓದಿದ್ದು ಸಾರ್ಥಕ.

ಅವನ ಹೆದರಿಕೆ ಸುಳ್ಳಲ್ಲ. ನಾಳೆ ರಾಯಲ್ಟಿ ಬಂತೆಂದರೆ ಕುಣಿಗಲ್ ತಾಲ್ಲೂಕಿನ ಅರ್ಧ ಜನ ವಂಶವೃಕ್ಷಕ್ಕೆ ಅರ್ಜಿ ಹಿಡಿದು ನಾಡಕಚೇರಿ ಮುಂದೆ ನಿಲ್ಲುತ್ತಾರೆ, ಇನ್ನರ್ಧ ತಕರಾರು ಅರ್ಜಿ ಬರೆಸುತ್ತಾರೆ. ಕೆರೆ ನಮ್ಮದು, ಹಾಡಿನಲ್ಲಿ ನಮಗೂ ಪಾಲುಂಟು ಎಂದು ಯಾವುದಾದರೂ ಇಲಾಖೆ ನೋಟಿಸು ಕಳಿಸಿದರೂ ಆಶ್ಚರ್ಯವಿಲ್ಲ. ಆದ್ದರಿಂದ ದಯವಿಟ್ಟು ತಮ್ಮ ಹೆಸರು, ತಂದೆಯ ಹೆಸರು, ಗ್ರಾಮ, ಹೋಬಳಿ ಬರೆದು ಬೇಗ ಕಳಿಸಿಕೊಡಿ. ಆಧಾರ್ ಜೆರಾಕ್ಸ್ ಎರಡು ಪ್ರತಿ.

ಇಂತಿ,
ನಿಮ್ಮ ಹಾಡನ್ನು ಪುಕ್ಕಟೆ ಕೇಳಿ ಬೆಳೆದ
ತುಮಕೂರಿನ ಒಬ್ಬ ಕೇಳುಗ