ನೂರು ಟಕ್ಕೆಯ ಹಂಬಲ

ಮಳೆಗಾಲ ಹಿಡಿಯಿತೆಂದರೆ ನಾಶಿಕದ ಮರಾಠಿ ಪತ್ರಿಕೆಗಳಲ್ಲಿ ಟಕ್ಕೆಗಳ ಸುಗ್ಗಿ. ಶೇಕಡಾಕ್ಕೆ ಇಲ್ಲಿ ಎಲ್ಲರೂ ಟಕ್ಕೆ ಅನ್ನುವುದು. ಗಂಗಾಪುರ ಅಣೆಕಟ್ಟು ಇಷ್ಟು ಟಕ್ಕೆ, ದಾರಣಾ ಅಷ್ಟು ಟಕ್ಕೆ, ಕೆಳಗೆ ಪೈಠಣದ ಜಾಯಕವಾಡಿ ಇನ್ನೆಷ್ಟೋ ಟಕ್ಕೆ. ಪಕ್ಕದ ಮನೆಯ ಕಾಕಾ ಇದನ್ನು ಗಟ್ಟಿಯಾಗಿ ಓದುತ್ತಾರೆ, ಅದೂ ನಮ್ಮ ಮನೆಯ ಕಡೆ ಮುಖ ಮಾಡಿ. ಮೂಲ ವಿಜಯಪುರ ಜಿಲ್ಲೆ. ಮಹಾರಾಷ್ಟ್ರದ ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ದುಡಿದು, ಜಾಯಕವಾಡಿಯ ದಂಡೆಯ ಮೇಲೆ ಅರ್ಧ ಆಯುಷ್ಯ ಕಳೆದು, ನಿವೃತ್ತರಾದ ಮೇಲೆ ನಾಶಿಕದ ತಂಪಿಗೆ ಬಂದು ಮನೆ ಕಟ್ಟಿಸಿದವರು. ಮಗ ಛತ್ರಪತಿ ಸಂಭಾಜಿನಗರದಲ್ಲಿ, ವಾಳೂಜಿನ ಕಾರ್ಖಾನೆಯೊಂದರಲ್ಲಿ. ನಮ್ಮ ನಡುವಿನ ಕಾಂಪೌಂಡು ಗೋಡೆ ಎದೆಮಟ್ಟ. ಹರಟೆಗೆ ಇದಕ್ಕಿಂತ ಒಳ್ಳೆಯ ಎತ್ತರ ಇನ್ನೊಂದಿಲ್ಲ; ಮೊಣಕೈ ಊರಬಹುದು, ಬೇಸರ ಬಂದರೆ ಒಲೆಯ ಮೇಲೆ ಹಾಲಿದೆ ಎಂದು ಓಡಲೂಬಹುದು.

ಟಕ್ಕೆಗಳಲ್ಲಿ 65ಕ್ಕೆ ಮಾತ್ರ ವಿಶೇಷ ಮರ್ಯಾದೆ. ಗೋದಾವರಿಯಂಥ ನದಿಗಳ ನೀರು ಮೇಲಿನವರಿಗೂ ಕೆಳಗಿನವರಿಗೂ ನ್ಯಾಯವಾಗಿ ಹಂಚಿಕೆಯಾಗಬೇಕೆಂದು 2005ರಲ್ಲಿ ಕಾಯ್ದೆ ಬಂತು. ಆಮೇಲೆ ಬಂದ ಸೂತ್ರದ ಪ್ರಕಾರ, ಅಕ್ಟೋಬರ್ ಮಧ್ಯದ ಹೊತ್ತಿಗೆ ಜಾಯಕವಾಡಿ 65 ಟಕ್ಕೆ ಮುಟ್ಟದಿದ್ದರೆ ನಾಶಿಕ, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ಕೆಳಕ್ಕೆ ನೀರು ಬಿಡಬೇಕು. ಬಿಡುವ ದಿನ ನಾಶಿಕದವರು ಮುಖ ಸಿಂಡರಿಸುತ್ತಾರೆ, ಕೆಳಗಿನ ಮರಾಠವಾಡಾದವರು ಸಾಲದು ಅನ್ನುತ್ತಾರೆ. ಕಾಕಾ ಇಂದಿಗೂ ಜಾಯಕವಾಡಿ ಪಕ್ಷ. ಅವರ ಹೆಂಡತಿ ಕಾಕು ಗಂಗಾಪುರದ ನೀರಿನಲ್ಲಿ ಗುಲಾಬಿ ಬೆಳೆಸುತ್ತಾರೆ. ಅವರ ಪಕ್ಷ ಬೇರೆ.

ಇಂಥ ಮನುಷ್ಯನ ಕೈಗೆ, ಮೂಲೆಯಲ್ಲಿ ಸದಾಕಾಲ ಒಂದು ಟಕ್ಕೆ ತೋರಿಸುವ ಯಂತ್ರ ಕೊಟ್ಟರೆ ಗತಿಯೇನು? ರಾತ್ರಿ ಹಾಸಿಗೆಗೆ ಹೋಗುವಾಗ ಫೋನು ಚಾರ್ಜಿಗೆ. ಬೆಳಿಗ್ಗೆ 100 ನೋಡಿಯೇ ಚಹಾ. ಪೂಜೆ ಮುಗಿಸಿ ಬರುವಷ್ಟರಲ್ಲಿ 96 ಆಗಿದ್ದರೆ ಮತ್ತೆ ಚಾರ್ಜಿಗೆ. ಕೆಲವು ದಿನ ಅದು ಮೊಬೈಲೋ ಗೋಡೆಗೆ ಕಟ್ಟಿದ ಲ್ಯಾಂಡ್‌ಲೈನೋ ತಿಳಿಯುವುದಿಲ್ಲ.

"ತಮ್ಮಾ, ನೀ ಅಂಬಡದಾಗ ಸ್ವಿಚ್‌ಗೇರ್ ಫ್ಯಾಕ್ಟರಿಯಾವ, ನೀನ ಹೇಳು. ಎರಡು ವರ್ಷದಾಗ ಇದರ ದಮ್ಮು ಹೋಗ್ಯದ. ಮುಂಜಾನೆ ನೂರು ತೋರಸ್ತದ, ಊಟದ ಹೊತ್ತಿಗೆ ನಾಲ್ವತ್ತು. ನಾ ಅಂತೂ ಇದನ್ನ ಒಂದು ದಿನ ಉಪಾಸ ಕೆಡವಿಲ್ಲ."

"ಉಪವಾಸ ಕೆಡವದೇ ಇದ್ದದ್ದೇ ತಪ್ಪಾಯ್ತು ಕಾಕಾ," ಅಂದೆ.

ತುಳಸಿಕಟ್ಟೆಯ ಹತ್ತಿರದಿಂದ ಕಾಕು ಗೆದ್ದ ದನಿ ತೆಗೆದರು. "ನಾ ಹೇಳಲಿಲ್ಲೇನು? ನನ್ನ ಫೋನ್ ಪೂರಾ ಸಾಯೂತನಕ ನಾ ವಾಯರ್ ಮುಟ್ಟಂಗಿಲ್ಲ. ಖಾಲಿ ಮಾಡಿ ತುಂಬಿದ್ರ ಗಟ್ಟಿ ಆಗ್ತದಂತ ಅಂಗಡ್ಯಾವ ಹೇಳ್ಯಾನ."

ಅದೂ ಸರಿಯಲ್ಲ. ಅಂಗಡಿಯವನು ಹೇಳಿದ್ದು ನಿಕೆಲ್-ಕ್ಯಾಡ್ಮಿಯಂ ಕಾಲದ ಮಾತು. ಆ ಬ್ಯಾಟರಿಯನ್ನು ಅರ್ಧ ಖಾಲಿ ಮಾಡಿ ಅರ್ಧ ತುಂಬುತ್ತ ಹೋದರೆ ಅದು ಆ ಅರ್ಧಕ್ಕೇ ಒಗ್ಗಿಬಿಡುತ್ತಿತ್ತು. ಈಗಿನ ಫೋನುಗಳಲ್ಲಿರುವುದು ಲಿಥಿಯಂ-ಅಯಾನ್. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಅದಕ್ಕೆ ಅಂಥ ನೆನಪಿನ ಕಾಯಿಲೆ ಇಲ್ಲ. ಆದರೆ ಹಳೆಯ ಉಪದೇಶ ಮಾತ್ರ ಇನ್ನೂ ಅಂಗಡಿಯಿಂದ ಅಂಗಡಿಗೆ ದಾಟುತ್ತಲೇ ಇದೆ. ಲಿಥಿಯಂ-ಅಯಾನಿನ ಹಿಂದಿನ ವಿದ್ಯೆಗೆ 2019ರಲ್ಲಿ ಮೂವರಿಗೆ ರಸಾಯನ ಶಾಸ್ತ್ರದ ನೊಬೆಲ್ ಬಂತು: ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ತೀರಿಕೊಂಡದ್ದು 2023ರಲ್ಲಿ, ನೂರು ತುಂಬಿಸಿಕೊಂಡೇ. ಇದನ್ನು ಕೇಳಿ ಕಾಕಾ ಬಹಳ ಹೊತ್ತು ಸಂತೋಷಪಟ್ಟರು. "ಮನಿಷ್ಯಾಂದು ನೂರು ಆದ್ರ ನಡೀತದ, ಫೋನಿಂದು ಆಗಬಾರದು ಅಂತೀ!"

ಕಾಕಾಗೆ ರಸಾಯನಶಾಸ್ತ್ರ ಹೇಳಹೋದರೆ ಹಾಲು ಉಕ್ಕುವ ನೆಪ ಅವರಿಗೇ ಬೇಕಾಗುತ್ತಿತ್ತು. ಅದಕ್ಕೇ ಒಂದು ಪ್ರಶ್ನೆ ಕೇಳಿದೆ: "ನೀವು ಆಗಸ್ಟಿನಲ್ಲಿ ಜಾಯಕವಾಡಿಯನ್ನು ಅಂಚಿನವರೆಗೆ ತುಂಬಿಸಿ ಇಡ್ತಿದ್ದಿರಾ?"

ಕಾಕಾ ಪತ್ರಿಕೆ ಮಡಚಿದರು. "ಹುಚ್ಚೇನು? ಯಾವ ತಿಂಗಳದಾಗ ಎಷ್ಟು ಇಡಬೇಕಂತ ತಖ್ತೆ ಇರ್ತದ. ಮೊದಲ ತುಂಬಿಸಿ ಕೂತ್ರ ಮ್ಯಾಲಿಂದ ಬರೂ ನೀರು ಎಲ್ಲಿ ಇಡೂದು? 2006ರಾಗ ಪೈಠಣಕ್ಕ ನೀರು ಹೊಕ್ಕಿದ್ದು ಮರ್ತಿಲ್ಲ. ಮತ್ತ ಗೋಡಿ ಮ್ಯಾಲಿನ ಒತ್ತಡ? ನೀರಿನ ಎತ್ತರ ಏರಿದಂಗ ಒತ್ತಡ ಏರ್ತದ."

ಅಲ್ಲಿಗೆ ನನ್ನ ಅರ್ಧ ಕೆಲಸವನ್ನು ಅವರೇ ಮಾಡಿದರು. ಬ್ಯಾಟರಿಯಲ್ಲಿ ನೀರಿನ ಎತ್ತರದ ಜಾಗದಲ್ಲಿ ವೋಲ್ಟೇಜು. ಸಾಧಾರಣವಾಗಿ 3.7 ವೋಲ್ಟಿನ ಆಸುಪಾಸಿನಲ್ಲಿ ಇರುವ ಸೆಲ್ಲು ಪೂರ್ತಿ ತುಂಬಿದಾಗ 4.2ಕ್ಕೆ ಏರುತ್ತದೆ, ಹೊಸ ಫೋನುಗಳಲ್ಲಿ ಇನ್ನೂ ತುಸು ಮೇಲಕ್ಕೆ. ಆ ಎತ್ತರದಲ್ಲಿ ಒಳಗಿನ ದ್ರಾವಣಕ್ಕೆ ನೆಮ್ಮದಿ ಇಲ್ಲ. ಅದು ನಿಧಾನವಾಗಿ ಒಡೆದು, ಲಿಥಿಯಮ್ಮನ್ನು ಹಿಡಿದುಕೊಂಡು ಗ್ರಾಫೈಟಿನ ಮೇಲೆ ಪದರಪದರವಾಗಿ ಕೂರುತ್ತದೆ. ಕಾಕಾನ ಭಾಷೆಯಲ್ಲಿ ಹೂಳು. ಹೂಳು ತುಂಬಿದ ಜಲಾಶಯವೂ ಮಳೆ ಬಂದರೆ ನೂರು ಟಕ್ಕೆ ತುಂಬುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಮಂತ್ರಿಗಳು ಬಾಗಿನ ಬಿಡುತ್ತಾರೆ. ಬೇಸಿಗೆ ಬಂದಾಗ ಗೊತ್ತಾಗುತ್ತದೆ ನೂರು ಎಂಬುದು ಎಷ್ಟರ ನೂರು ಅಂತ. ಕಾಕಾನ ಫೋನು ಬೆಳಿಗ್ಗೆ ನೂರು ತೋರಿಸಿ ಊಟದ ಹೊತ್ತಿಗೆ ನಲವತ್ತಕ್ಕೆ ಇಳಿಯುವುದು ಹೀಗೆ. ಫೋನಿನ ಸೆಟ್ಟಿಂಗಿನಲ್ಲಿ 'ಬ್ಯಾಟರಿ ಹೆಲ್ತ್' ಎಂದು ಒಂದು ಅಂಕಿ ಕೊಟ್ಟಿರುತ್ತಾರೆ. ಅದು ಹೂಳಿನ ಸರ್ವೆ. ಯಾರೂ ನೋಡುವುದಿಲ್ಲ.

"ಹಂಗಾದ್ರ ನನ್ನ ಪದ್ಧತಿ ಖರೆ," ಕಾಕು ಗೋಡೆಯ ಹತ್ತಿರಕ್ಕೇ ಬಂದರು. "ಖಾಲಿ ಇಟ್ರ ಹೂಳು ಇಲ್ಲ."

ಕಾಕಾ ಉತ್ತರ ಕೊಟ್ಟರು, ನಾನಲ್ಲ. ಜಾಯಕವಾಡಿಯ ಒಟ್ಟು ಸಾಮರ್ಥ್ಯ ಸುಮಾರು 102 ಟಿಎಂಸಿ. ಅದರಲ್ಲಿ 26 ಟಿಎಂಸಿ ಮೃತಸಾಠಾ, ಅಂದರೆ ಕಾಲುವೆಗೆ ಹರಿಯದೆ ತಳದಲ್ಲೇ ಉಳಿಯುವ ನೀರು. ಪತ್ರಿಕೆಯಲ್ಲಿ ಸೊನ್ನೆ ಟಕ್ಕೆ ಎಂದರೆ ಈ 26 ಬಿಟ್ಟು. ಬರಗಾಲದಲ್ಲಿ ಅದಕ್ಕೂ ಪಂಪು ಹಚ್ಚಿದ್ದುಂಟು. ಫೋನೂ ಹಾಗೆಯೇ: ಸೊನ್ನೆ ತೋರಿಸಿ ಆರಿಹೋದಾಗ ತಳದಲ್ಲಿ ಸ್ವಲ್ಪ ಉಳಿಸಿಕೊಂಡೇ ಆರುತ್ತದೆ. ಆ ಉಳಿದದ್ದೂ ಹೋದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗಿ ಸೆಲ್ಲು ಅಪಾಯಕಾರಿಯಾಗುತ್ತದೆ. ಅದಕ್ಕೇ ರಕ್ಷಣೆಯ ಸರ್ಕ್ಯೂಟು ಮತ್ತೆ ಚಾರ್ಜು ಹತ್ತಲು ಬಿಡುವುದಿಲ್ಲ. ಕಾಕು ಹಳೆಯ ಫೋನನ್ನು ಖಾಲಿ ಮಾಡಿ ಸೀರೆಗಳ ಕೆಳಗೆ ಕಪಾಟಿನಲ್ಲಿ ಇಟ್ಟಿದ್ದರು, ಮೊಮ್ಮಗ ಬಂದಾಗ ಆಡಲಿ ಅಂತ. ಮೊಮ್ಮಗ ಬಂದಾಗ ಅದು ಕಣ್ಣು ತೆರೆಯಲಿಲ್ಲ. ಬಳಸದೆ ಎತ್ತಿಡುವ ಫೋನು ಅರ್ಧ ತುಂಬಿರಬೇಕು, ಆರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತರಬೇಕು.

ಬ್ಯಾಟರಿಗೆ ಸುಖ ನಡುವಿನಲ್ಲಿ. 20ರಿಂದ 80ರೊಳಗೆ ಓಡಾಡಿಕೊಂಡಿದ್ದರೆ ಅದು ಹೆಚ್ಚು ಕಾಲ ಬಾಳುತ್ತದೆ. ಪದೇಪದೇ ಸ್ವಲ್ಪ ಸ್ವಲ್ಪ ಚಾರ್ಜು ಮಾಡಿದರೆ ಸೈಕಲ್ಲು ಮುಗಿದುಹೋಗುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಎರಡೂ ಸೇರಿ ಒಂದೇ ಸೈಕಲ್ಲು. ಆಪಲ್ ಕಂಪನಿ ಐಫೋನ್ 14ರವರೆಗಿನ ಬ್ಯಾಟರಿಗಳಿಗೆ 500 ಸೈಕಲ್ಲಾದ ಮೇಲೂ 80 ಟಕ್ಕೆ ಸಾಮರ್ಥ್ಯ ಉಳಿಯುತ್ತದೆ ಎನ್ನುತ್ತಿತ್ತು, 15ರಿಂದ ಅದನ್ನು 1000 ಮಾಡಿತು. ಯುರೋಪಿನವರು 2025ರ ಜೂನ್‌ನಿಂದ 800ಕ್ಕೆ ಕಡಿಮೆ ಇದ್ದರೆ ಮಾರಲೇಬೇಡಿ ಎಂದು ನಿಯಮ ಮಾಡಿದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ನಾವೇಕೆ ನೂರಕ್ಕೇ ಜೋತು ಬೀಳುತ್ತೇವೆ? ನನಗನ್ನಿಸುವುದು, ಈ ಚಟ ಫೋನಿನದಲ್ಲ, ಊರಿನದು. ಸಂಭಾಜಿನಗರಕ್ಕೆ ಕುಡಿಯುವ ನೀರು ಬರುವುದು ಅದೇ ಜಾಯಕವಾಡಿಯಿಂದ; ಜಲಾಶಯ ತುಂಬಿ ತುಳುಕುವಾಗಲೂ ವಾರಕ್ಕೊಮ್ಮೆ ನಳ ಬಂದರೆ ಪುಣ್ಯ ಎನ್ನುವ ಬಡಾವಣೆಗಳು ಅಲ್ಲಿವೆ. ನಳ ಬಂದ ದಿನ ಕಾಕಾನ ಸೊಸೆ ಡ್ರಮ್ಮು, ಬಕೆಟ್ಟು, ಕೊಡ ಮುಗಿಸಿ ಕುಕ್ಕರಿಗೂ ನೀರು ತುಂಬುತ್ತಾಳೆ. 2005ರಿಂದಾಚೆಗಿನ ಲೋಡ್ ಶೆಡ್ಡಿಂಗಿನ ವರ್ಷಗಳನ್ನು ಕಂಡ ಮಹಾರಾಷ್ಟ್ರದ ಹಳ್ಳಿಯವನು ಕರೆಂಟು ಇದ್ದಾಗ ಏನೇನು ತುಂಬಿಸಬಹುದೋ ಎಲ್ಲ ತುಂಬಿಸಿಕೊಳ್ಳುತ್ತಾನೆ. ಇಂಥವರಿಗೆ ಎಂಬತ್ತಕ್ಕೆ ತೆಗೆಯಿರಿ ಎನ್ನುವುದು, ನಳ ಹರಿಯುತ್ತಿರುವಾಗ ಕೊಡ ಮುಕ್ಕಾಲು ಮಾಡಿ ಎದ್ದು ಬನ್ನಿ ಎಂದಂತೆ. ಕೈ ಬರುವುದಿಲ್ಲ.

ಆದರೆ ತುಂಬಿಸುವುದಕ್ಕಿಂತ ದೊಡ್ಡ ವೈರಿ ಬಿಸಿಲು. ಫೋನಿಗೆ 35 ಡಿಗ್ರಿ ದಾಟಿದ ಹವೆ ಆಗದು ಎಂದು ತಯಾರಿಸುವವರೇ ಬರೆದಿರುತ್ತಾರೆ. ಮರಾಠವಾಡಾದಲ್ಲಿ ಮೇ ತಿಂಗಳು 42ರ ಹತ್ತಿರ ಸುಳಿದಾಡುತ್ತದೆ. ಬ್ಯಾಟರಿ ಬಲ್ಲವರ ಅಂದಾಜು ಹೀಗಿದೆ: ಪೂರ್ತಿ ತುಂಬಿದ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ವರ್ಷವಿಡೀ ಇಟ್ಟರೆ ಸುಮಾರು ಐದನೇ ಒಂದು ಪಾಲು ಸಾಮರ್ಥ್ಯ ಹೋಗುತ್ತದೆ, 40 ಡಿಗ್ರಿಯಲ್ಲಾದರೆ ಮೂರನೇ ಒಂದು ಪಾಲು. ನಲವತ್ತು ಟಕ್ಕೆಯಷ್ಟೇ ತುಂಬಿಸಿ 25 ಡಿಗ್ರಿಯಲ್ಲಿ ಇಟ್ಟರೆ ನಾಲ್ಕೈದು ಟಕ್ಕೆ ಮಾತ್ರ. ಕಾಕಾನ ಮಗ ಬೈಕಿನ ಹ್ಯಾಂಡಲಿಗೆ ಫೋನು ಸಿಕ್ಕಿಸಿ, ಮ್ಯಾಪು ಹಚ್ಚಿ, ಜೊತೆಗೆ ಚಾರ್ಜಿಗೂ ಹಾಕಿ ಮಧ್ಯಾಹ್ನದ ಬಿಸಿಲಲ್ಲಿ ವಾಳೂಜ್ ರಸ್ತೆಯಲ್ಲಿ ಹೋಗುತ್ತಾನೆ. ಹೊರಗಿನ ಬಿಸಿ, ಪರದೆಯ ಬಿಸಿ, ಚಾರ್ಜಿನ ಬಿಸಿ ಮೂರೂ ಒಟ್ಟಿಗೆ. ವೇರೂಳಕ್ಕೆ, ಅಂದರೆ ಎಲ್ಲೋರಕ್ಕೆ, ಬರುವ ನಮ್ಮ ಕರ್ನಾಟಕದ ಪ್ರವಾಸಿಗಳನ್ನೂ ನೋಡಿದ್ದೇನೆ: ಕೈಲಾಸ ದೇವಾಲಯದ ಮುಂದೆ ನಿಂತು "ನಮ್ಮ ರಾಷ್ಟ್ರಕೂಟರು ಕಟ್ಟಿಸಿದ್ದು" ಎಂದು ವಿಡಿಯೊ ಶುರು ಮಾಡುತ್ತಾರೆ. ಕಟ್ಟಿದ್ದಲ್ಲ ಸ್ವಾಮಿ, ಮೇಲಿಂದ ಕೆಳಕ್ಕೆ ಕಡೆದದ್ದು. ಪವರ್ ಬ್ಯಾಂಕಿನ ವಾಯರು ಸಿಕ್ಕಿಸಿಕೊಂಡೇ ಬಿಸಿಲಲ್ಲಿ ಚಿತ್ರೀಕರಿಸುತ್ತ ನಡೆದರೆ, ಫೋನೇ ಬಿಸಿಯಾಗಿದೆ ಎಂದು ಬರೆದು ತೋರಿಸಿ ಚಾರ್ಜು ನಿಲ್ಲಿಸುತ್ತದೆ. ಆಗ ನೆರಳಲ್ಲಿಡಬೇಕು. ಫ್ರಿಜ್ಜಿನಲ್ಲಿ ಇಡಬಾರದು, ಒಳಗೆ ತೇವ ಕೂರುತ್ತದೆ.

ಚಳಿಯ ಕಡೆ ನಾಶಿಕದವರು ಸ್ವಲ್ಪ ಜಂಬ ಕೊಚ್ಚಬಹುದು. ನಮ್ಮ ಜಿಲ್ಲೆಯ ನಿಫಾಡದಲ್ಲಿ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ದ್ರಾಕ್ಷಿ ಬೆಳೆಗಾರರು ತೋಟದಲ್ಲಿ ಬೆಂಕಿ ಹಾಕಿ ಬಳ್ಳಿ ಕಾಯುತ್ತಾರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಲಿಥಿಯಂ ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಅದು ಕೆಟ್ಟದ್ದು. ನಿಫಾಡ ಅಲ್ಲಿಯವರೆಗೆ ಇಳಿಯುವುದು ಅಪರೂಪ. ಲಡಾಖಿಗೆ ಹೋಗುವವರು ನೆನಪಿಟ್ಟುಕೊಂಡರೆ ಸಾಕು.

"ಹಂಗಾದ್ರ ರಾತ್ರಿ ಹಾಕಬಾರದೇನು?" ಕಾಕಾನ ದನಿ ಕುಗ್ಗಿತ್ತು.

ಹಾಕಬಹುದು. ತುಂಬಿದ ಮೇಲೆ ಫೋನು ತಾನೇ ನಿಲ್ಲಿಸುತ್ತದೆ, ಉಕ್ಕಿ ಹರಿಯುವುದಿಲ್ಲ. ತೊಂದರೆ, ಬೆಳಗಿನವರೆಗೆ ತುದಿಯ ಎತ್ತರದಲ್ಲೇ ನಿಂತಿರುವುದು. ಈಗ ಬಹಳ ಫೋನುಗಳಲ್ಲಿ ಎಂಬತ್ತಕ್ಕೆ ನಿಲ್ಲುವ ಸೆಟ್ಟಿಂಗ್ ಇದೆ. ಕೆಲವು ಎಂಬತ್ತಕ್ಕೆ ಕಾದು, ನೀವು ಏಳುವ ಹೊತ್ತಿಗೆ ಉಳಿದದ್ದು ತುಂಬುತ್ತವೆ. ಕಾಕಾನ ನಿಜವಾದ ಅಪರಾಧ ತಲೆದಿಂಬು. ಚಾರ್ಜಾಗುವ ಫೋನನ್ನು ದಿಂಬಿನ ಕೆಳಗಿಟ್ಟರೆ ಬಿಸಿ ಹೋಗಲು ದಾರಿಯೇ ಇಲ್ಲ. ದಪ್ಪ ಕವರು ಹಾಕಿದ್ದರೆ ಚಾರ್ಜಿನ ಹೊತ್ತಿಗೆ ಕಳಚಿದರೆ ಒಳ್ಳೆಯದು. ವೇಗದ ಚಾರ್ಜರಿನ ಬಗ್ಗೆ ನನಗೆ ಅಷ್ಟು ಭಯವಿಲ್ಲ, ತುಂಬುತ್ತ ಬಂದಂತೆ ಅದೇ ನಿಧಾನವಾಗುತ್ತದೆ. ವಾಯರಿಲ್ಲದ ಚಾರ್ಜರು ಮಾತ್ರ ಕರೆಂಟಿನ ಒಂದು ಪಾಲನ್ನು ಬಿಸಿಯಾಗಿಯೇ ಕಳೆಯುತ್ತದೆ. ಚಾರ್ಜಿಗಿಟ್ಟು ಗೇಮ್ ಆಡುವ ಮೊಮ್ಮಗನ ವಿಷಯ ಗೋಡೆಯ ಆಚೆಯವರು ನೋಡಿಕೊಳ್ಳಬೇಕು.

ಹಾಗೆಂದು ದಿನವಿಡೀ ಎಪ್ಪತ್ತೊಂಬತ್ತು, ಎಂಬತ್ತು ಎಂದು ಎಣಿಸುತ್ತ ಕೂರುವವರೂ ಇದ್ದಾರೆ. ಅದೂ ಅತಿಯಾಯಿತು. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಿದರೆ ಹೊಸ ಫೋನಿನ ಬೆಲೆಯ ಸಣ್ಣ ಪಾಲಷ್ಟೇ ಖರ್ಚು. ಅದಕ್ಕಾಗಿ ಬಾಳನ್ನೆಲ್ಲ ಟಕ್ಕೆಗೆ ಕಟ್ಟಿಹಾಕುವುದು ಬೇಡ. ಪ್ರಯಾಣದ ದಿನ ನಿಶ್ಚಿಂತೆಯಿಂದ ನೂರು ತುಂಬಿಸಿ. ಕಾಕಾ ಮಗನ ಊರಿಗೆ ರಾತ್ರಿಯ ದೇವಗಿರಿ ಎಕ್ಸ್‌ಪ್ರೆಸ್ಸಿಗೇ ಹೋಗುವುದು, ಬೆಂಕಿಯ ಭಯಕ್ಕೆ ರೈಲಿನಲ್ಲಿ ರಾತ್ರಿ ಚಾರ್ಜಿಂಗ್ ಪಾಯಿಂಟು ಬಂದ್ ಮಾಡುವುದುಂಟು. ಹೊರಡುವ ಮುನ್ನ ತುಂಬಿಸಿ, ತುಂಬಿದ್ದನ್ನು ಬಳಸುತ್ತ ಹೋದರೆ ಏನೂ ಕೆಡುವುದಿಲ್ಲ. ಕೆಡುಕಿರುವುದು ತುಂಬಿಸಿ ಹಾಗೇ ಬಿಸಿಯಲ್ಲಿ ಬಿಡುವುದರಲ್ಲಿ. ಬ್ಯಾಟರಿ ಉಬ್ಬಿ ಹಿಂಬದಿ ಎದ್ದಿದೆಯೋ, ಆಗ ಯಾವ ಸೆಟ್ಟಿಂಗೂ ಬೇಡ. ಚಾರ್ಜು ನಿಲ್ಲಿಸಿ, ಚುಚ್ಚದೆ, ಕಸದ ಗಾಡಿಗೂ ಹಾಕದೆ, ಸರ್ವಿಸ್ ಸೆಂಟರಿಗೆ ಕೊಡಬೇಕು.

ಕಾಕಾ ಫೋನನ್ನು ಗೋಡೆಯ ಮೇಲಿಂದ ದಾಟಿಸಿದರು. ನಾನು ಸೆಟ್ಟಿಂಗಿನಲ್ಲಿ ಎಂಬತ್ತರ ಮಿತಿ ಹಾಕಿ ಹಿಂದಿರುಗಿಸಿದೆ. ಅವರು ಕನ್ನಡಕ ಏರಿಸಿ ಆ ಅಂಕಿಯನ್ನು, ಜೂನ್ ತಿಂಗಳ ಜಲಾಶಯದಂತೆ, ಅನುಮಾನದಿಂದ ನೋಡಿದರು.

"ಎಂಬತ್ತಕ್ಕ ನಿಲ್ಲಿಸಿದ್ರ," ಕಾಕು ಕೇಳಿದರು, "ಉಳಿದ ಇಪ್ಪತ್ತು ಯಾರಿಗೆ ಬಿಡ್ತೀರಿ? ಮರಾಠವಾಡಾಕ್ಕೇನು?"

"ಬಿಡಬೇಕಾಗ್ತದ," ಅಂದರು ಕಾಕಾ. "ಕಾಯ್ದೆ ಅದ."