ಅಮಾವಾಸ್ಯೆಯ ಅಳಿಯ

ದೂರದರ್ಶಕ ಮಾಡಿಕೊಳ್ಳಲು ಹೆಚ್ಚು ದುಡ್ಡು ಬೇಡ. ಎರಡು ದಪ್ಪ ಗಾಜಿನ ಬಿಲ್ಲೆ, ಒಂದಿಷ್ಟು ಕಾರ್ಬೊರಂಡಮ್ ಪುಡಿ, ಒಂದು ಹಳೆಯ ಡ್ರಮ್ಮು ಇದ್ದರೆ ಸಾಕು ಎಂದು ಪುಸ್ತಕಗಳು ಹೇಳುತ್ತವೆ. ಆ ಡ್ರಮ್ಮನ್ನು ನಡುಮನೆಯಲ್ಲಿ ನಿಲ್ಲಿಸಲು ಒಪ್ಪುವ ಹೆಂಡತಿಯನ್ನು ಯಾವ ಪುಸ್ತಕವೂ ಸಾಮಗ್ರಿಗಳ ಪಟ್ಟಿಗೆ ಸೇರಿಸಿಲ್ಲ.

ಕೆಲಸವೇನೋ ಸರಳ. ಆರಿಂಚಿನ ಒಂದು ಬಿಲ್ಲೆಯನ್ನು ಡ್ರಮ್ಮಿನ ಮೇಲೆ ಅಲುಗದಂತೆ ಕೂರಿಸಬೇಕು. ಅದರ ಮೇಲೆ ಪುಡಿ ಉದುರಿಸಿ, ನೀರು ಚಿಮುಕಿಸಿ, ಇನ್ನೊಂದು ಬಿಲ್ಲೆಯನ್ನಿಟ್ಟು ಹಿಂದಕ್ಕೂ ಮುಂದಕ್ಕೂ ತೀಡಬೇಕು. ನಾಲ್ಕಾರು ಸಲ ತೀಡಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕು, ಕೈಯಲ್ಲಿರುವ ಗಾಜನ್ನು ಕೊಂಚ ತಿರುಗಿಸಬೇಕು, ಮತ್ತೆ ತೀಡಬೇಕು. ಹೀಗೆ ಸಂಜೆಗಟ್ಟಲೆ ಡ್ರಮ್ಮಿಗೆ ಪ್ರದಕ್ಷಿಣೆ. ಕರಕರ ಸದ್ದು ಕ್ರಮೇಣ ಇಳಿದು ಪುಡಿ ಹಿಟ್ಟಾದಾಗ ಹೊಸ ಪುಡಿ. ಮೊದಲು 80ರ ಒರಟು ಪುಡಿ, ಆಮೇಲೆ 120, 220, ಹೀಗೆ ನಯವಾಗುತ್ತ ಹೋಗುತ್ತದೆ.

“ಇಡ್ಲಿಗೆ ರುಬ್ಬಿಕೊಡಿ ಅಂದ್ರೆ ಸೊಂಟ ಹಿಡಿಯುತ್ತೆ ನಿಮಗೆ” ಎಂದಳು ನನ್ನವಳು. ಉತ್ತರವಿಲ್ಲದ ಮಾತು. ವಿಷಯವನ್ನು ವಿಜ್ಞಾನದ ಕಡೆಗೆ ತಿರುಗಿಸಿದೆ. ಹೀಗೆ ತೀಡುತ್ತ ಹೋದರೆ ಮೇಲಿನ ಗಾಜು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ, ಎರಡೂ ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದಿಕೊಳ್ಳುತ್ತವೆ, ಥೇಟ್ ಗಂಡ ಹೆಂಡತಿಯ ಹಾಗೆ ಎಂದು ವಿವರಿಸಿದೆ.

“ಕೊನೆಗೆ ಯಾವುದು ದೂರದರ್ಶಕಕ್ಕೆ ಹೋಗುತ್ತೆ?”

“ಮೇಲಿನದು.”

“ಕೆಳಗಿನದು?”

ಕೆಳಗಿನದರ ಕೆಲಸ ಅಲ್ಲಿಗೆ ಮುಗಿಯುತ್ತದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಅದನ್ನು ಪೇಪರ್‌ವೇಟ್ ಮಾಡಿಕೊಳ್ಳುವವರೂ ಇದ್ದಾರೆ.

ಇಷ್ಟೆಲ್ಲ ತೀಡಿದ ಮೇಲೆ ಗಾಜಿನ ನಡುವೆ ಬೀಳುವ ತಗ್ಗೆಷ್ಟು? ನನ್ನದು 1200 ಮಿಲಿಮೀಟರ್ ನಾಭಿದೂರದ ಕನ್ನಡಿ. ಅದಕ್ಕೆ ಬೇಕಾದ ಆಳ ಸುಮಾರು 1.2 ಮಿಲಿಮೀಟರ್, ಅಷ್ಟೆ. ಊರಿಂದ ಬಂದಿದ್ದ ಮಾವನವರು ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ಕನ್ನಡಕ ತೆಗೆದು ಹಾಕಿ ನೋಡಿದರು. “ಇನ್ನೂ ಶುರು ಮಾಡಿಲ್ವಾ?” ಎಂದರು.

ಇಂಥ ಹೊತ್ತಿನಲ್ಲಿ ನಾನು ಶರಣು ಹೋಗುವುದು ವಿಲಿಯಂ ಹರ್ಷೆಲ್‌ಗೆ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಗೀತ ಕಲಿಸಿಕೊಂಡು, ಕಛೇರಿ ನಡೆಸಿಕೊಂಡು ಮರ್ಯಾದೆಯಾಗಿದ್ದ ಮನುಷ್ಯ, ನಡುವಯಸ್ಸು ಹತ್ತಿರವಾದಾಗ ಕನ್ನಡಿ ಉಜ್ಜುವ ಹುಚ್ಚಿಗೆ ಬಿದ್ದ. ಆಗಿನ ಕನ್ನಡಿ ಗಾಜಿನದಲ್ಲ, ಲೋಹದ್ದು. ಒಮ್ಮೆ ಹದಿನಾರು ಗಂಟೆ ಕನ್ನಡಿಯಿಂದ ಕೈ ತೆಗೆಯಲಿಲ್ಲವಂತೆ. ತಂಗಿ ಕ್ಯಾರೊಲಿನ್ ತುತ್ತು ಮಾಡಿ ಬಾಯಿಗಿಟ್ಟಳು, ಬೇಸರ ಬಾರದಿರಲೆಂದು ಡಾನ್ ಕ್ವಿಕ್ಸೋಟನ ಕಥೆ, ಅರೇಬಿಯನ್ ನೈಟ್ಸ್ ಓದಿ ಹೇಳಿದಳು. ನಾಟಕಶಾಲೆಯಲ್ಲಿ ಅಂಕದ ಪರದೆ ಬಿದ್ದರೆ ಸಾಕು, ಜರತಾರಿ ಅಂಗಿಯಲ್ಲೇ ಮನೆಗೆ ಓಡಿ ಬರುತ್ತಿದ್ದ ಈತ. ಎಷ್ಟೋ ಒಳ್ಳೆಯ ಲೇಸುಗಳು ಕಾದ ರಾಳ ಸಿಡಿದು ಹಾಳಾದವು ಎಂದು ಅವಳೇ ಬರೆದಿಟ್ಟಿದ್ದಾಳೆ. 1781ರಲ್ಲಿ ಭಾರಿ ಕನ್ನಡಿಯೊಂದನ್ನು ಎರಕ ಹೊಯ್ಯಲು ಮನೆಯಲ್ಲೇ ಕುಲುಮೆ ಹೂಡಿದ. ಅಚ್ಚಿಗೆ ಕುದುರೆಲದ್ದಿ ಕುಟ್ಟಿ ಜರಡಿ ಹಿಡಿಯುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಿಲ್ಲ. ಕಾದ ಲೋಹ ಸೋರಿ ನೆಲಕ್ಕೆ ಹರಿಯಿತು, ಚಪ್ಪಡಿಕಲ್ಲುಗಳು ಸಿಡಿದು ಸೂರಿಗೆ ಹಾರಿದವು, ಎಲ್ಲರೂ ಹೊರಗೋಡಿ ಜೀವ ಉಳಿಸಿಕೊಂಡರು. ಅದೇ ವರ್ಷದ ಮಾರ್ಚ್ 13ರಂದು ಅದೇ ಬಾತ್‌ನಲ್ಲಿ, ಮನೆಯ ಹಿತ್ತಲಲ್ಲಿ ನಿಂತು ಆತ ಯುರೇನಸ್ ಗ್ರಹವನ್ನು ಕಂಡುಹಿಡಿದಿದ್ದ.

ಹವ್ಯಾಸ, ಸಂಸಾರ ಎರಡನ್ನೂ ಸರಿದೂಗಿಸುವುದು ಹೇಗೆ ಎಂದು ಉಪದೇಶಿಸುವವರಿಗೆ ಹರ್ಷೆಲ್ ದೊಡ್ಡ ಮಾದರಿ: ಹಗಲು ಸಂಗೀತ, ರಾತ್ರಿ ಆಕಾಶ, ನಡುವೆ ಒಂದು ಗ್ರಹ. ನನಗೆ ಮಾತ್ರ ಆ ತಕ್ಕಡಿಯನ್ನು ಹಿಡಿದ ಕೈ ಕ್ಯಾರೊಲಿನ್‌ದೇ ಎನ್ನಿಸುತ್ತದೆ. ಹುಚ್ಚು ಹಿಡಿದವನು ಯಾವತ್ತೂ ಏನನ್ನೂ ತೂಗಿಸಿದವನಲ್ಲ. ತೂಗಿಸುವವರು ಅವನ ಮನೆಯಲ್ಲಿರುತ್ತಾರೆ, ಅಷ್ಟೆ. ಪುಣ್ಯಕ್ಕೆ ಕ್ಯಾರೊಲಿನ್ ತುತ್ತಿಡುತ್ತಲೇ ಕಾಲ ಕಳೆಯಲಿಲ್ಲ. ತಾನೇ ದೂರದರ್ಶಕ ಹಿಡಿದು ಎಂಟು ಧೂಮಕೇತುಗಳನ್ನು ಕಂಡಳು, 1787ರಿಂದ ದೊರೆಯ ಬೊಕ್ಕಸದಿಂದ ವರ್ಷಕ್ಕೆ 50 ಪೌಂಡ್ ಸಂಬಳವನ್ನೂ ಎಣಿಸಿಕೊಂಡಳು.

ಈ ಕಥೆಯನ್ನು ಮನೆಯಲ್ಲಿ ತುಸು ಭಾವುಕನಾಗಿಯೇ ಹೇಳಿದೆ. “50 ಪೌಂಡ್ ಅಂದ್ರೆ ಈಗಿನ ಎಷ್ಟು?” ಎಂದಷ್ಟೇ ಕೇಳಿದಳು.

ತೀಡಿದ್ದಾಯಿತು, ರಾಳದ ಮೇಲೆ ಸೀರಿಯಂ ಆಕ್ಸೈಡ್ ಹಚ್ಚಿ ಹೊಳಪು ಕೊಟ್ಟಿದ್ದಾಯಿತು, ಇನ್ನು ಪರೀಕ್ಷೆ. ಇದಕ್ಕೆ ಫ್ರಾನ್ಸಿನ ಫೂಕೊ 1858ರಲ್ಲಿ ಹೇಳಿಕೊಟ್ಟ ವಿಧಾನವೇ ಇವತ್ತಿಗೂ ಗತಿ. ಬೇಕಾದದ್ದು ಒಂದು ಪುಟ್ಟ ದೀಪ, ಒಂದು ಗಡ್ಡದ ಬ್ಲೇಡು. ಕನ್ನಡಿಯಿಂದ ನಾಭಿದೂರದ ಎರಡರಷ್ಟು ಹಿಂದೆ ಕೂತು, ಮರಳಿ ಬರುವ ಬೆಳಕನ್ನು ಬ್ಲೇಡಿನ ಅಂಚಿನಿಂದ ಸೀಳಿದರೆ ಕನ್ನಡಿಯ ಮೈಮೇಲಿನ ಉಬ್ಬುತಗ್ಗೆಲ್ಲ ಬೆಟ್ಟಕಣಿವೆಗಳಂತೆ ಕಾಣುತ್ತವೆ. ಕೂದಲಿನ ಸಾವಿರದ ಒಂದು ಪಾಲಿನ ತಪ್ಪೂ ಅಡಗುವುದಿಲ್ಲ. ಕನ್ನಡಿಯನ್ನು ಹೆಬ್ಬೆರಳಿನಿಂದ ಒಂದು ನಿಮಿಷ ಮುಟ್ಟಿ ಬಿಡಿ, ಆ ಬಿಸಿಗೆ ಗಾಜು ಹಿಗ್ಗಿ ಅಲ್ಲೊಂದು ಗುಡ್ಡ ಏಳುತ್ತದೆ, ನೋಡನೋಡುತ್ತ ಕರಗುತ್ತದೆ. ಅಂಗೈಯನ್ನು ಬೆಳಕಿನ ದಾರಿಗೆ ಒಡ್ಡಿದರೆ ಬೆರಳುಗಳಿಂದೇಳುವ ಬಿಸಿಗಾಳಿ ಹೊಗೆಯಂತೆ ಸುರುಳಿ ಸುತ್ತುವುದು ಕಾಣುತ್ತದೆ.

ನಮ್ಮ ಮೈಸೂರಿನ ಮನೆಯಲ್ಲಿ 2400 ಮಿಲಿಮೀಟರ್ ಅಂದರೆ ನಡುಮನೆಯ ಕಿಟಕಿಯಿಂದ ಅಡುಗೆಮನೆಯ ಹೊಸ್ತಿಲವರೆಗೆ. ಬೆರಳಿನ ಬಿಸಿಯೇ ಅಷ್ಟು ಹಾವಳಿ ಮಾಡುವಾಗ ಕುಕ್ಕರಿನ ಪಾಡೇನು! ಸಾಸಿವೆ ಒಗ್ಗರಣೆ ಬಿದ್ದ ಕ್ಷಣ ನನ್ನ ಕನ್ನಡಿ ಕುದಿಯುವ ನೀರಿನಂತೆ ಕಂಡಿತು. ಪರೀಕ್ಷೆ ಮುಗಿಯುವವರೆಗೆ ಒಲೆ ಹಚ್ಚದಿದ್ದರೆ ಹೇಗೆ ಎಂದು ವಿನಯದಿಂದಲೇ ಕೇಳಿದೆ. ಧಾರಾಳವಾಗಿ ಒಪ್ಪಿದಳು. ಆ ರಾತ್ರಿ ಕನ್ನಡಿ ಬಹಳ ನಿಚ್ಚಳವಾಗಿತ್ತು, ಹೊಟ್ಟೆಯೂ. ಮರುದಿನದಿಂದ ಪರೀಕ್ಷೆ ಊಟವಾಗಿ, ಪಾತ್ರೆ ತೊಳೆದು, ಒಲೆ ಆರಿದ ಮೇಲೆ. ಪಾತ್ರೆ ತೊಳೆಯುವುದು ವೀಕ್ಷಕನ ಜವಾಬ್ದಾರಿ ಎಂಬ ಕಲಮು ಯಾವಾಗ ಸೇರಿತೆಂಬುದು ತಿಳಿಯಲಿಲ್ಲ.

ಮದುವೆಯಾಗಿದ್ದರಿಂದಲ್ಲವೇ ಈ ಫಜೀತಿ, ಸನ್ಯಾಸಿಯಾಗಿದ್ದರೆ ನಿಶ್ಚಿಂತೆ ಎಂದುಕೊಳ್ಳುವವರಿಗೆ ಜಾನ್ ಡಾಬ್ಸನ್ ಇದ್ದಾರೆ. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಮಠ ಸೇರಿದವರು, ನಮ್ಮ ರಾಮಕೃಷ್ಣ ಪರಂಪರೆಯದೇ ಮಠ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಆಫೀಸಿಲ್ಲ. ಆದರೂ ಕನ್ನಡಿ ತೀಡುವ ಕೆಲಸವನ್ನು ಕದ್ದುಮುಚ್ಚಿ ಮಾಡಬೇಕಾಯಿತು. ಹಡಗಿನ ಕಿಟಕಿಯಿಂದ ಕಳಚಿದ ಹಳೆಯ ಗಾಜು, ರಟ್ಟಿನ ಕೊಳವೆ, ಪ್ಲೈವುಡ್ಡಿನ ಪೆಟ್ಟಿಗೆ, ಇಷ್ಟರಲ್ಲೇ ಬಡವರ ದೂರದರ್ಶಕ. ಹೊರಗಿನ ಗೆಳೆಯರಿಗೆ ಬರೆಯುವ ಪತ್ರದಲ್ಲಿ ದೂರದರ್ಶಕಕ್ಕೆ ‘ಜೆರೇನಿಯಂ’ ಎಂದು ಗುಟ್ಟಿನ ಹೆಸರು, ಹೂವಿನ ಗಿಡದ ಮಾತೆಂದು ಓದಿದವರು ತಿಳಿಯಲಿ ಎಂದು. ರಾತ್ರಿಯಾದರೆ ಅದನ್ನು ಮಠದಾಚೆ ತಳ್ಳಿಕೊಂಡು ಹೋಗಿ ಬೀದಿಯ ಮಕ್ಕಳಿಗೆ ಚಂದ್ರನನ್ನು ತೋರಿಸುತ್ತಿದ್ದರು. ಮಠದ ಕೆಲಸಕ್ಕೆ ಸಿಗುವುದಿಲ್ಲವೆಂದು 1967ರಲ್ಲಿ ಅವರನ್ನು ಹೊರಗೆ ಕಳಿಸಿದರು. ಮರುವರ್ಷವೇ ಗೆಳೆಯರನ್ನು ಕೂಡಿಕೊಂಡು ಪಾದಚಾರಿ ಮಾರ್ಗದ ಖಗೋಳಜ್ಞರ ಸಂಘ ಕಟ್ಟಿದರು. ಇವತ್ತು ಜಗತ್ತಿನಾದ್ಯಂತ ಹವ್ಯಾಸಿಗಳು ಬಳಸುವ ಅಗ್ಗದ, ಗಟ್ಟಿ ಪೀಠಕ್ಕೆ ಅವರದೇ ಹೆಸರು, ಡಾಬ್ಸೋನಿಯನ್. ಇಪ್ಪತ್ಮೂರು ವರ್ಷದ ಸನ್ಯಾಸದಿಂದಲೂ ಬಿಡದ ಮೋಹ ಸಂಬಳ, ಸಾಲ, ಸೊಸೈಟಿ ಅಂಗಡಿಯ ಸಂಸಾರದಿಂದ ಬಿಟ್ಟೀತೆ?

ಹಾಗೆ ನೋಡಿದರೆ ನನ್ನ ಪರವಾಗಿ ವಾದಿಸಲು ಪಂಚಾಂಗವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಆಕಾಶಕ್ಕೆ ಬೀಗ ಹಾಕುತ್ತದೆ. ಆ ನಾಲ್ಕು ತಿಂಗಳು ನನ್ನಷ್ಟು ಸಂಸಾರಸ್ಥ ಇನ್ನೊಬ್ಬನಿಲ್ಲ. ಉಳಿದ ತಿಂಗಳುಗಳಲ್ಲಿ ಬೆಳದಿಂಗಳು ನೀಹಾರಿಕೆಗಳನ್ನು ಅಳಿಸಿಹಾಕುವುದರಿಂದ ಶುಕ್ಲಪಕ್ಷ ನನಗೆ ನಿರುಪಯೋಗಿ. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಪುರೋಹಿತರು ಒಲಿಯುವುದೂ ಹೆಚ್ಚಾಗಿ ಶುಕ್ಲಪಕ್ಷಕ್ಕೇ. ಯಾರೂ ಎಲ್ಲಿಗೂ ಕರೆಯದ ಅಮಾವಾಸ್ಯೆ ನನಗೆ ಹಬ್ಬ. ಪಂಚಾಂಗ ಬರೆದವರ ಮನೆಯಲ್ಲೂ ಒಂದು ಡ್ರಮ್ಮು ಇದ್ದಿರಬೇಕು. ಶಿವರಾತ್ರಿಯಂತೂ ಕೃಷ್ಣಪಕ್ಷದ ಚತುರ್ದಶಿ, ನಿರ್ಮಲ ಆಕಾಶ, ರಾತ್ರಿಯಿಡೀ ತಾರಸಿಯ ಮೇಲಿದ್ದರೂ “ಜಾಗರಣೆ ಮಾಡ್ತಿದ್ದಾನೆ” ಎಂದು ಅಮ್ಮನಿಗೆ ಹೆಮ್ಮೆ. ದೀಪಾವಳಿ ಮಾತ್ರ ನನಗೂ ಪಟಾಕಿಗೂ ಇರುವ ಹಳೆಯ ವ್ಯಾಜ್ಯ. ವರ್ಷದ ಒಳ್ಳೆಯ ಅಮಾವಾಸ್ಯೆಯೊಂದು ಹೊಗೆಯಲ್ಲಿ ಹೋಗುತ್ತದೆ.

ಮದುವೆಮನೆಗಳಲ್ಲಿ ನನ್ನನ್ನು ಪುರೋಹಿತರಿಂದ ದೂರ ಕೂರಿಸುವುದು ನಮ್ಮಲ್ಲಿ ರೂಢಿ. ಕಾರಣ ಅರುಂಧತಿ. ಮೇ ತಿಂಗಳ ಬೆಳಗ್ಗೆ ಹತ್ತಕ್ಕೆ ಛತ್ರದ ಬಾಗಿಲಲ್ಲಿ ವಧೂವರರನ್ನು ನಿಲ್ಲಿಸಿ, ಪುರೋಹಿತರು ಸೂರಿನ ಕಡೆ ಬೆರಳು ಮಾಡಿ “ಕಂಡಿತೇ?” ಎನ್ನುತ್ತಾರೆ, ಇಬ್ಬರೂ “ಕಂಡಿತು” ಎನ್ನುತ್ತಾರೆ, ಜಂಟಿಯಾಗಿ ಹೇಳುವ ಮೊದಲ ಸುಳ್ಳು. ಆ ಹೊತ್ತಿಗೆ ಸಪ್ತರ್ಷಿ ಮಂಡಲದ ವಸಿಷ್ಠ ಅರುಂಧತಿಯರು ನಮ್ಮ ಊರಿಗೆ ಉತ್ತರ ದಿಗಂತದಿಂದ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಕೆಳಗಿರುತ್ತಾರೆ. ಬೆರಳು ತೋರಬೇಕಾದದ್ದು ನೆಲಕ್ಕೆ, ಸುಮಾರಾಗಿ ಊಟದ ಹಾಲಿನ ಅಡಿಪಾಯದತ್ತ. ಇದನ್ನು ನಾನು ಬಹಿರಂಗವಾಗಿ ತಿದ್ದಿದ್ದು ಒಂದೇ ಸಲ. ತೋಳಿನ ಮೇಲಿನ ಚಿವುಟಿದ ಗುರುತು ವಾರವಿತ್ತು.

ಮೈಸೂರಿನ ತಾರಸಿ ಗ್ರಹಗಳಿಗೆ ಸಾಕು, ಗ್ಯಾಲಕ್ಸಿಗಳಿಗೆ ಸಾಲದು. ಬೀದಿಯ ಎಲ್‌ಇಡಿ ದೀಪಗಳು ಆಕಾಶಕ್ಕೂ ಸುಣ್ಣ ಬಳಿದಿವೆ. ಕತ್ತಲೆ ಬೇಕಾದರೆ ಚಾಮರಾಜನಗರದ ಕಡೆಗಿನ ಹಳ್ಳಿಗೆ ಹೋಗಬೇಕು. ಅದು ನನ್ನವಳ ತವರು. ಹೀಗಾಗಿ, ಮಾವನ ಮನೆಗೆ ಹೋಗೋಣ ಎಂದು ಹೆಂಡತಿಯನ್ನು ತಾನೇ ಪೀಡಿಸುವ ಗಂಡ ನಮ್ಮ ಬಡಾವಣೆಯಲ್ಲಿ ನಾನೊಬ್ಬನೇ. ಮೊದಮೊದಲು ಅವಳಿಗೆ ಸಂತೋಷ, ಆಮೇಲೆ ಅನುಮಾನ. “ಪ್ರತಿ ಸಲ ಅಮಾವಾಸ್ಯೆಗೇ ಯಾಕೆ ಹೋಗಬೇಕು?”

ಅದೇ ಪ್ರಶ್ನೆ ಊರಿಗೂ ಬಂದಿತ್ತು. ಊರ ಕಣ್ಣಿನಿಂದ ನೋಡಿ: ಪಟ್ಟಣದ ಅಳಿಯ ಅಮಾವಾಸ್ಯೆಯ ರಾತ್ರಿಯೇ ಬರುತ್ತಾನೆ. ಉಂಡವನೇ ಹೊಲಕ್ಕೆ ಹೊರಡುತ್ತಾನೆ. ಕೈಯಲ್ಲಿ ಆಳೆತ್ತರದ ಕೊಳವೆ. ದೀಪ ಹಚ್ಚುವುದಿಲ್ಲ, ಹಚ್ಚಿದರೂ ಕೆಂಪು ದೀಪ, ಕತ್ತಲಿಗೆ ಹೊಂದಿದ ಕಣ್ಣು ಕೆಡಬಾರದಲ್ಲ. ನಕ್ಷೆಯೊಂದನ್ನು ಹರಡಿ ಏನೋ ಗುಣಿಸುತ್ತಾನೆ, ಒಬ್ಬನೇ “ಸಿಕ್ತು, ಸಿಕ್ತು” ಅನ್ನುತ್ತಾನೆ. ನಿಧಿಯಲ್ಲದೆ ಮತ್ತೇನು? ಒಂದು ರಾತ್ರಿ ಬ್ಯಾಟರಿ, ದೊಣ್ಣೆ ಹಿಡಿದು ನಾಲ್ಕಾರು ಜನ ಬಂದೇಬಿಟ್ಟರು.

“ಎಷ್ಟು ಆಳದಲ್ಲೈತೆ ಸಾ?”

“ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷ” ಎಂದೆ. ಆಂಡ್ರೊಮಿಡಾ ಗ್ಯಾಲಕ್ಸಿ ಆಗಷ್ಟೇ ಸಿಕ್ಕಿತ್ತು. ಲಕ್ಷವೊಂದೇ ಕಿವಿಗೆ ಬಿದ್ದು ಅವರು ಇನ್ನೂ ಹತ್ತಿರ ಬಂದರು. ನೋಡಿಸಿದೆ. ಮಬ್ಬು ಮಚ್ಚೆ ಕಂಡು ಎಲ್ಲರಿಗೂ ನಿರಾಸೆ. ಶನಿಗೆ ತಿರುಗಿಸಿದಾಗ ಒಬ್ಬ ಹಿರಿಯರು ದೊಣ್ಣೆಯೂರಿ ಹಿಂದೆ ಸರಿದರು. “ಅವನ ದೃಷ್ಟಿ ನಮ್ಮ ಮ್ಯಾಲೆ ಬೀಳದೆ ಇದ್ರೆ ಸಾಕು ಅಂತ ಎಳ್ಳೆಣ್ಣೆ ಸುರೀತೀವಿ, ನಾವೇ ಹೋಗಿ ಅವನ ಮ್ಯಾಲೆ ದೃಷ್ಟಿ ಹಾಕದಾ?” ಬಿಡಿಸಲಾಗದ ತರ್ಕ. ಗುರುವಿನ ಪಕ್ಕ ನಾಲ್ಕು ಚಂದ್ರರು ಕಾಣುತ್ತಾರೆಂದಾಗ ಅತ್ತೆ ಮಾತ್ರ, ಕಿರಿಮಗಳಿಗೆ ಗುರುಬಲ ಯಾವಾಗ ಬರುತ್ತದೆಂದು ಅದರಲ್ಲೇ ನೋಡಿ ಹೇಳುವಂತೆ ಹಟ ಹಿಡಿದರು.

ಮಾವ ವ್ಯವಹಾರಸ್ಥರು. ಅಳಿಯ ಹೇಗೂ ರಾತ್ರಿಯೆಲ್ಲ ಹೊಲದಲ್ಲೇ ಇರುತ್ತಾನೆ, ಮುಸುಕಿನ ಜೋಳಕ್ಕೆ ಹಂದಿ ಕಾಟ, ಕಾವಲಿನವನಿಗೆ ಕೂಲಿ ದಂಡ. ಮಗಳೊಡನೆ ಮಾತು ಮುಗಿಸಿಯೇ ನನಗೆ ತಿಳಿಸಿದರು. ಮುಂದಿನ ಅಮಾವಾಸ್ಯೆಯಿಂದ ನನಗೆ ಎರಡು ಡ್ಯೂಟಿ. ತೊಡಕೇನೆಂದರೆ, ಹಂದಿ ಕೆಂಪು ಬೆಳಕನ್ನು ಲೆಕ್ಕಕ್ಕೇ ಇಡುವುದಿಲ್ಲ, ಬಿಳಿ ಬೆಳಕೇ ಬೇಕು. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಗ್ಯಾಲಕ್ಸಿ ಕಾಣಲು ಅರ್ಧ ಗಂಟೆ ಕಾಯಬೇಕು. ಅಷ್ಟರಲ್ಲಿ ಹಂದಿ ಮತ್ತೆ ಹಾಜರು. ಕೊನೆಗೆ ವೀಕ್ಷಕರ ಹಳೆಯ ಉಪಾಯವೊಂದು ಕೈಹಿಡಿಯಿತು: ದೂರದರ್ಶಕಕ್ಕೆ ಇಡುವ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ದೀಪ ಹಾಕಿದರೆ ಆ ಕಣ್ಣಿನ ಕತ್ತಲೆ ಕದಲುವುದಿಲ್ಲ. ಅಂದಿನಿಂದ ಬಲಗಣ್ಣು ಗ್ಯಾಲಕ್ಸಿಗೆ, ಎಡಗಣ್ಣು ಹಂದಿಗೆ.

ಬೆಳಗ್ಗೆ ಕಾಫಿಗೆ ಬಂದರೂ ಬಲಗಣ್ಣು ಅಭ್ಯಾಸಬಲದಿಂದ ಮುಚ್ಚಿಕೊಂಡೇ ಇತ್ತು. ಅತ್ತೆ ಗಾಬರಿಯಾಗಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು.

“ಕೂತ್ಕೊಳಿ, ದೃಷ್ಟಿ ತೆಗೀತೀನಿ.”

“ಬೇಡಮ್ಮ” ಎಂದಳು ನನ್ನವಳು ಲೋಟ ಮುಂದಿಡುತ್ತ, “ಅವರಿಗೆ ಈಗ ಇರೋದೇ ಅರ್ಧ.”