ಹುಷಾರಾಗಿರ್ತೀನಿ, ಆಣೆ!

ಅಪ್‌ಡೇಟ್ ಮಾಡಿಕೊಳ್ಳುತ್ತೀರಾ ಎಂದು ಕಂಪ್ಯೂಟರು ಕೇಳುವ ರೀತಿಯ ಮೇಲೇ ನನಗೆ ಅನುಮಾನ. ‘ಈಗಲೇ’ ಅಂತ ಒಂದು ಗುಂಡಿ, ‘ಆಮೇಲೆ’ ಅಂತ ಇನ್ನೊಂದು. ‘ಬೇಡ’ ಅನ್ನುವ ಗುಂಡಿಯೇ ಇಲ್ಲ. ಮೈಸೂರಿನವನ ಕೈಗೆ ‘ಆಮೇಲೆ’ ಎಂಬ ಗುಂಡಿ ಕೊಟ್ಟರೆ ಏನಾದೀತು ಅನ್ನುವ ಅಂದಾಜು ಅದನ್ನು ಮಾಡಿದವರಿಗೆ ಇದ್ದಂತಿಲ್ಲ. ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಬಂದಮೇಲೆ, ಕಾಫಿ ಆದಮೇಲೆ, ಸ್ನಾನ ಆದಮೇಲೆ, ಊಟ ಆದಮೇಲೆ, ಊಟದ ಮೇಲಿನ ನಿದ್ದೆ ಆದಮೇಲೆ. ಈ ಊರಿನಲ್ಲಿ ‘ಆಮೇಲೆ’ಗೆ ಬಹಳ ಜಾಗವಿದೆ. ಅಷ್ಟರಲ್ಲಿ ಅದಕ್ಕಿಂತ ಹೊಸದೊಂದು ಆವೃತ್ತಿ ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಇದು ಶುದ್ಧ ಸೋಮಾರಿತನ ಎಂದು ಮನೆಯವಳ ತೀರ್ಪು. ಖಂಡಿತ ಅಲ್ಲ. ಆಡ್-ಆನ್‌ಗಳ ಯೋಗಕ್ಷೇಮ ವಿಚಾರಿಸಿಕೊಳ್ಳದೆ ಬ್ರೌಸರನ್ನು ಮೇಲಕ್ಕೇರಿಸುವ ಆಸಾಮಿ ನಾನಲ್ಲ, ಅಷ್ಟೆ.

ಬ್ರೌಸರು ಎಲ್ಲರದೂ ಒಂದೇ. ಅದಕ್ಕೆ ನಾವು ಆರಿಸಿ ಸಿಕ್ಕಿಸಿಕೊಂಡಿರುವ ಆಡ್-ಆನ್‌ಗಳಿವೆಯಲ್ಲ, ಅವು ಮಾತ್ರ ನಮ್ಮವು. 2008ರ ಜೂನ್‌ನಲ್ಲಿ ಫೈರ್‌ಫಾಕ್ಸ್ 3 ಬಂದಾಗ ಒಂದೇ ದಿನಕ್ಕೆ 80 ಲಕ್ಷ ಜನ ಇಳಿಸಿಕೊಂಡು ಗಿನ್ನೆಸ್ ದಾಖಲೆಯಾಯಿತು. ಆ 80 ಲಕ್ಷದಲ್ಲಿ ಸರಸ್ವತೀಪುರಂನ ನಮ್ಮ ಮನೆಯದೂ ಒಂದು. ಆದರೆ ಇಳಿಸಿಕೊಂಡ ಮರುಗಳಿಗೆಯಿಂದಲೇ ಅದು ಉಳಿದ ಯಾರ ಬ್ರೌಸರಿನ ಹಾಗೂ ಇರಲಿಲ್ಲ. ಕೆಳಗಿನ ಪಟ್ಟಿಯಲ್ಲಿ ಫೋರ್‌ಕಾಸ್ಟ್‌ಫಾಕ್ಸ್ ಎಂಬುದನ್ನು ಕೂರಿಸಿದ್ದೆ. ಪುಟ್ಟ ಸೂರ್ಯನನ್ನೋ ಪುಟ್ಟ ಮೋಡವನ್ನೋ ತೋರಿಸಿ ಮೈಸೂರಿನ ಹವೆ ಹೇಳುವುದು ಅದರ ಕೆಲಸ. “ಕಿಟಕಿ ಪಕ್ಕದಲ್ಲೇ ಕೂತಿದೀರಲ್ರೀ, ತಲೆ ಎತ್ತಿ ನೋಡಬಾರದಾ?” ಎನ್ನುತ್ತಿದ್ದಳು ಮನೆಯವಳು. ತಲೆ ಎತ್ತಿದರೆ ಇವತ್ತಿನ ಹವೆ ಗೊತ್ತಾದೀತು, ನಾಳೆಯದು? ಮೈಸೂರಿನಲ್ಲಿ ನಾಳೆಯ ಹವೆಯೂ ಇವತ್ತಿನದೇ ಎಂಬ ಅವಳ ವಾದದಲ್ಲಿ ಹುರುಳಿತ್ತು ಅನ್ನಿ.

ಎರಡನೆಯದು ಸ್ಕ್ರ್ಯಾಪ್‌ಬುಕ್. ಗೊಮಿತಾ ಎಂಬ ಹೆಸರಿನ ಜಪಾನೀಯರೊಬ್ಬರು ಮಾಡಿದ್ದು. ಓದುತ್ತಿರುವ ಪುಟವನ್ನು ಚಿತ್ರ ಸಮೇತ ಇದ್ದದ್ದು ಇದ್ದ ಹಾಗೇ ಎತ್ತಿ ನಮ್ಮ ಕಂಪ್ಯೂಟರಿನೊಳಗೆ ಇಡುತ್ತಿತ್ತು. ಬೇಕಾದ ಸಾಲಿನ ಮೇಲೆ ಹಳದಿ ಬಳಿಯಬಹುದಿತ್ತು, ಪಕ್ಕದಲ್ಲಿ ಟಿಪ್ಪಣಿ ಗೀಚಬಹುದಿತ್ತು. ಆಗ ಕನ್ನಡ ಬ್ಲಾಗುಗಳ ಸುಗ್ಗಿ. ‘ಸಂಪದ’, ‘ಕೆಂಡಸಂಪಿಗೆ’ ಎಂದು ಸುತ್ತಾಡಿ ಕೂಡಿಹಾಕಿದ್ದೇ ಕೂಡಿಹಾಕಿದ್ದು. ಹೊಸಾ ಉಮೇದಿನಲ್ಲಿ ಬ್ಲಾಗು ತೆರೆದು, ಹತ್ತು ಚೆಂದದ ಬರಹ ಬರೆದು, ಮದುವೆಯಾದ ಮೇಲೆ ಕಾಣೆಯಾದ ಎಷ್ಟೋ ಹುಡುಗ ಹುಡುಗಿಯರ ಸಮಗ್ರ ಸಾಹಿತ್ಯ ನನ್ನ ಹಾರ್ಡ್‌ಡಿಸ್ಕಿನಲ್ಲಿದೆ. ಅವರಿಗೇ ಅದು ಬೇಡವಾಗಿರಬಹುದು, ಆ ಮಾತು ಬೇರೆ.

ಕನ್ನಡ ಓದುವುದೇ ಆಗ ಒಂದು ಸಾಹಸವಾಗಿತ್ತು ಎನ್ನುವುದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಯುನಿಕೋಡ್‌ಗೆ ಬರದ ಜಾಲತಾಣಗಳು ತಮ್ಮ ತಮ್ಮ ಫಾಂಟಿನಲ್ಲಿ ಬರೆಯುತ್ತಿದ್ದವು. ಫಾಂಟ್ ಇಲ್ಲದವರಿಗೆ ‘ಕನ್ನಡ’ ಎಂಬ ಮೂರಕ್ಷರ ಹೇಗೆ ಕಾಣುತ್ತಿತ್ತು ಗೊತ್ತೆ? ಮೊದಲು ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟು ಹಾಕಿಕೊಂಡ ಎ, ಆಮೇಲೆ ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಅದರ ಬೆನ್ನಿಗೆ ಜರ್ಮನ್ನರ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ನುಡಿ, ಬರಹಗಳ ಹಳೆಯ ಕಡತ ತೆರೆದವರಿಗೆ ಈ ಮೆರವಣಿಗೆ ಇವತ್ತಿಗೂ ದರ್ಶನ ಕೊಡುತ್ತದೆ. ಇಂಥ ಗೋಜಲನ್ನು ಯುನಿಕೋಡ್‌ಗೆ ತಿರುಗಿಸುವುದಕ್ಕೆ ‘ಪದ್ಮ’ ಎಂಬ ಆಡ್-ಆನ್ ಹೊರಟಿತ್ತು. ಮಾಡಿದವರು ತೆಲುಗಿನವರು. ಹೀಗೆ ಆಡ್-ಆನ್ ಎಂದರೆ ಶೋಕಿಯೇನಲ್ಲ, ಕೆಲವು ಕಾಲ ಅದು ನಮ್ಮ ಕನ್ನಡಕವೇ ಆಗಿತ್ತು.

ಮೂರನೆಯದು, ನನ್ನ ಪ್ರಾಣ: ಟ್ಯಾಬ್ ಮಿಕ್ಸ್ ಪ್ಲಸ್. ಬೇರೆಯವರ ಟ್ಯಾಬುಗಳು ಒಂದೇ ಸಾಲಿನಲ್ಲಿ ಒತ್ತರಿಸಿಕೊಂಡು, ಕೊನೆಗೆ ಹೆಸರೇ ಕಾಣದ ಹಾಗೆ ಸಣ್ಣಗಾಗುತ್ತವೆ. ಇದು ಸಾಲು ತುಂಬಿದ ಕೂಡಲೇ ಕೆಳಗೆ ಇನ್ನೊಂದು ಸಾಲು ಹಾಕುತ್ತಿತ್ತು. ಅದೂ ತುಂಬಿದರೆ ಮತ್ತೊಂದು. ನನ್ನದು ಯಾವಾಗಲೂ ಮೂರು ಸಾಲು. ಮೊದಲನೆಯದು ಇವತ್ತು ಓದಬೇಕಾದದ್ದು, ಎರಡನೆಯದು ಈ ವಾರ ಓದಬೇಕಾದದ್ದು, ಮೂರನೆಯದು ನಿವೃತ್ತಿಯಾದ ಮೇಲೆ ಓದಬೇಕಾದದ್ದು. ನಿವೃತ್ತಿಯಾಯಿತು. ಮೂರನೇ ಸಾಲು ಇನ್ನೂ ಇದೆ.

ಇವೆಲ್ಲಕ್ಕೂ ಆಯಸ್ಸು ಬರೆದಿರುತ್ತಿತ್ತು. ಆಡ್-ಆನ್ ಕಡತ ಎಂದರೆ ಹೆಸರು ಬದಲಿಸಿಕೊಂಡ ಜಿಪ್ ಕಡತ, ಅಷ್ಟೆ. ಅದನ್ನು ಬಿಚ್ಚಿದರೆ ಒಳಗೆ ‘ಇನ್‌ಸ್ಟಾಲ್’ ಎಂಬ ಹೆಸರಿನ ಪುಟ್ಟ ಕಡತ. ಅದರಲ್ಲಿ ‘ಮ್ಯಾಕ್ಸ್‌ವರ್ಶನ್’ ಅಂತ ಒಂದು ಸಾಲು, ಅಲ್ಲಿ 3.5 ಎಂದಿದೆ ಅನ್ನಿ. 2010ರ ಜನವರಿಯಲ್ಲಿ ಬ್ರೌಸರು 3.6 ಆದ ಕೂಡಲೇ ಆಡ್-ಆನನ್ನು ಬೂದು ಬಣ್ಣಕ್ಕೆ ತಿರುಗಿಸಿ ‘ಇದು ಹೊಂದುವುದಿಲ್ಲ’ ಎಂದು ಬರೆದುಬಿಡುತ್ತಿತ್ತು. ಪ್ರಯತ್ನಪಟ್ಟು ಸೋತು ಹೇಳಿದ ಮಾತಲ್ಲ ಅದು. ಅಂಕಿ ನೋಡಿ ಹೇಳಿದ್ದು. ನೋಟ್‌ಪ್ಯಾಡಿನಲ್ಲಿ ತೆರೆದು ಐದನ್ನು ಆರು ಮಾಡಿ ಮುಚ್ಚಿದರೆ ಅದೇ ಆಡ್-ಆನ್ ಎದ್ದು ಕೂತು ಮೊದಲಿನಂತೆಯೇ ಕೆಲಸ ಶುರುಮಾಡುತ್ತಿತ್ತು. ಒಂದಂಕಿ ತಿದ್ದಿ ಹೋದ ಜೀವ ತರಿಸುವ ಸುಖ ಅನುಭವಿಸಿದವರಿಗೇ ಗೊತ್ತು. ರೆವಿನ್ಯೂ ಇಲಾಖೆಯ ಹೊರಗೆ ಅಂಥ ಅವಕಾಶ ಸಾಮಾನ್ಯರಿಗೆ ಸಿಗುವುದಿಲ್ಲ.

ಇನ್ನೊಂದು ದಾರಿ ರಾಜಾರೋಷದ್ದು. ವಿಳಾಸದ ಜಾಗದಲ್ಲಿ ‘ಅಬೌಟ್ ಕಾನ್ಫಿಗ್’ ಎಂದು ಟೈಪ್ ಮಾಡಿದರೆ ಬ್ರೌಸರಿನ ಗರ್ಭಗುಡಿ ತೆರೆಯುತ್ತದೆ. ಅದಕ್ಕೆ ಮುಂಚೆ ಒಂದು ಎಚ್ಚರಿಕೆ: ಇದರಿಂದ ನಿಮ್ಮ ವಾರಂಟಿ ರದ್ದಾಗಬಹುದು! ಕಾಸು ಕೊಡದೆ ತಂದ ಬ್ರೌಸರಿಗೆ ವಾರಂಟಿ ಇದೆ ಎಂಬುದು ಅದು ರದ್ದಾಗುವಾಗಲೇ ತಿಳಿಯುತ್ತಿದ್ದದ್ದು. ಕೆಳಗಿದ್ದ ಗುಂಡಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದದ್ದು ಹೆಚ್ಚುಕಡಿಮೆ ‘ಹುಷಾರಾಗಿರ್ತೀನಿ, ಆಣೆ!’ ಅಂತ. ನಮ್ಮ ತಾರಸಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ, ಆಣೆಗೇನು ಬರ. ಒತ್ತಿ ಒಳಗೆ ಹೋಗಿ, ಹೊಂದಾಣಿಕೆ ತಪಾಸಣೆಯನ್ನೇ ನಿಲ್ಲಿಸಿಬಿಟ್ಟರೆ ಮುಗಿಯಿತು.

ಮುಗಿಯಿತು ಎಂದುಕೊಂಡಿದ್ದಾಗಲೇ 2011 ಬಂತು. ಮಾರ್ಚಿನಲ್ಲಿ 4 ಇದ್ದ ಫೈರ್‌ಫಾಕ್ಸ್ ಡಿಸೆಂಬರಿಗೆ 9 ಆಗಿತ್ತು. ಆರು ವಾರಕ್ಕೊಂದು ಆವೃತ್ತಿ ಎಂದು ಅದನ್ನು ಮಾಡುವ ಮೊಜಿಲ್ಲಾದವರು ನೇಮ ಹಿಡಿದಿದ್ದರು. ಆರು ವಾರದಲ್ಲಿ ನಮ್ಮ ಬೀದಿಯ ಒಂದು ಗುಂಡಿ ಮುಚ್ಚಿದ ದಾಖಲೆ ಇಲ್ಲ. 4ನೇ ಆವೃತ್ತಿಯಲ್ಲಿ ಕೆಳಗಿನ ಪಟ್ಟಿಯನ್ನೇ ತೆಗೆದುಹಾಕಿದರು, ನನ್ನ ಪುಟ್ಟ ಸೂರ್ಯ ಕೂರುತ್ತಿದ್ದ ಜಗಲಿ ಹೋಯಿತು. ಕೂಡಲೇ ಯಾರೋ ಪುಣ್ಯಾತ್ಮರು ಆ ಪಟ್ಟಿಯನ್ನು ವಾಪಸ್ ತರುವ ಆಡ್-ಆನ್ ಮಾಡಿದರು. ಒಂದು ಆಡ್-ಆನ್ ಕೂರಿಸುವುದಕ್ಕೆ ಇನ್ನೊಂದು ಆಡ್-ಆನ್. 2014ರಲ್ಲಿ 29ನೇ ಆವೃತ್ತಿ ಬಂದು ಇಡೀ ಮುಖವನ್ನೇ ಬದಲಾಯಿಸಿದಾಗ, ಹಳೆಯ ಮುಖ ಮರಳಿಸುವ ‘ಕ್ಲಾಸಿಕ್ ಥೀಮ್ ರೆಸ್ಟೋರರ್’ ಬಂತು. ಹೊಸದು ಬರುತ್ತಿದ್ದಂತೆ ಅದನ್ನು ಹಳೆಯದು ಮಾಡಲು ರಾತ್ರಿಯೆಲ್ಲ ಕೂತು ಕೆಲಸ ಮಾಡುವ ಜನ ಲೋಕದ ಯಾವ್ಯಾವುದೋ ಮೂಲೆಯಲ್ಲಿದ್ದಾರೆ ಎಂಬ ಭರವಸೆ ನನಗೆ ಎಷ್ಟೋ ಸಲ ನಿದ್ದೆ ತರಿಸಿದೆ. ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಆಮೇಲೆ 2017ರ ನವೆಂಬರ್ 14. ಫೈರ್‌ಫಾಕ್ಸ್ 57. ಅಂಕಿ ತಿದ್ದುವುದು, ಆಣೆ ಇಡುವುದು, ಯಾವುದೂ ನಡೆಯದ ದಿನ. ಹಳೆಯ ಬಗೆಯ ಆಡ್-ಆನ್‌ಗಳನ್ನೆಲ್ಲ ಒಂದೇ ಏಟಿಗೆ ಹೊರಗಿಟ್ಟು, ವೆಬ್‌ಎಕ್ಸ್‌ಟೆನ್ಶನ್ ಎಂಬ ಹೊಸ ಕಟ್ಟಳೆಯಂತೆ ಬರೆದವಕ್ಕೆ ಮಾತ್ರ ಪ್ರವೇಶ ಎಂದರು. ನ್ಯಾಯವಾಗಿ ಹೇಳಬೇಕೆಂದರೆ ಅವರು ಮಾಡಿದ್ದು ಸರಿ. ಹಳೆಯ ಆಡ್-ಆನ್‌ಗಳಿಗೆ ಬ್ರೌಸರಿನ ಯಾವ ಕೋಣೆಗೂ ತಡೆಯಿರಲಿಲ್ಲ. ಅಡುಗೆಮನೆಗೇ ನುಗ್ಗಿ ಒಲೆ ಬದಲಿಸಬಹುದಿತ್ತು. ಹೀಗಾಗಿ ಒಳಗಿನವರು ಒಂದು ಮೊಳೆ ಕಿತ್ತರೆ ಎಲ್ಲೋ ಒಂದು ಆಡ್-ಆನ್ ಕುಸಿಯುತ್ತಿತ್ತು. ವೇಗವೂ ಬೇಕು, ಭದ್ರತೆಯೂ ಬೇಕು ಎಂದರೆ ಬೇರೆ ದಾರಿ ಇರಲಿಲ್ಲ. ಹೊಸ ಬ್ರೌಸರು ನಿಜಕ್ಕೂ ಓಡಿತು. ಏನು ಓಡಿದರೇನು, ಟ್ಯಾಬುಗಳು ಒಂದೇ ಸಾಲು! ಟ್ಯಾಬಿನ ಪಟ್ಟಿಯನ್ನು ಮುಟ್ಟುವ ಅಧಿಕಾರವೇ ಹೊಸ ಕಟ್ಟಳೆಯಲ್ಲಿರಲಿಲ್ಲ. ಸ್ಕ್ರ್ಯಾಪ್‌ಬುಕ್ ಮಾತ್ರ ಬೇರೊಬ್ಬರ ಕೈಯಲ್ಲಿ ‘ವೆಬ್‌ಸ್ಕ್ರ್ಯಾಪ್‌ಬುಕ್’ ಆಗಿ ಮರುಹುಟ್ಟು ಪಡೆಯಿತು. ಮದುವೆಯಾದವರ ಸಮಗ್ರ ಸಾಹಿತ್ಯ ಉಳಿಯಿತು.

ಇಂಥದ್ದರಲ್ಲಿ ಮೊಜಿಲ್ಲಾದವರು ಒಮ್ಮೆ ಮೈಸೂರಿಗೆ ಬಂದು ನೋಡಬೇಕಿತ್ತು. ನಮ್ಮ ಊರಿನ ಆಡ್-ಆನ್ 750 ಕೆ.ಜಿ. ತೂಗುತ್ತದೆ. ದ್ರೋಣ ಹೊತ್ತ, ಬಲರಾಮ ಹೊತ್ತ, 2012ರಿಂದ ಎಂಟು ದಸರಾ ಅರ್ಜುನ ಹೊತ್ತ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂದು 2020ರಲ್ಲಿ ಅಭಿಮನ್ಯುವಿಗೆ ಪಾಳಿ ಬಂತು. ಆವೃತ್ತಿಯ ಮೇಲೆ ಆವೃತ್ತಿ ಬಂದರೂ ಅಂಬಾರಿ ಅದೇ. ಅದನ್ನು ಯಾರೂ ‘ಹೊಂದುವುದಿಲ್ಲ’ ಎಂದು ಬೂದು ಬಣ್ಣಕ್ಕೆ ತಿರುಗಿಸಲಿಲ್ಲ. ಬದಲಿಗೆ ಆನೆಯನ್ನೇ ವಾರಗಟ್ಟಲೆ ಮೊದಲು ಕರೆತಂದು, ಬೆನ್ನಿಗೆ ಗಾದಿ, ನಮ್ದಾ ಬಿಗಿದು, ಮರಳಿನ ಮೂಟೆ ಹೇರಿ, ಅರಮನೆಯಿಂದ ಬನ್ನಿಮಂಟಪಕ್ಕೆ ನಡೆಸುತ್ತಾರೆ. ಮೂಟೆ ಏರಿಸುತ್ತಾ ಹೋಗಿ, ಆಮೇಲೆ ಮರದ ಅಂಬಾರಿ ಕಟ್ಟಿ ನೋಡುತ್ತಾರೆ. ಬೀಟಾ ಪರೀಕ್ಷೆ ಎಂದರೆ ಇದು. ರಸ್ತೆಯ ಇಕ್ಕೆಲದಲ್ಲಿ ಬೆಳಗಿನಿಂದ ಕಾದು ಕೂತವರು ಬಂದಿರುವುದು ಅಂಬಾರಿಗೆ, ಅದರೊಳಗಿನ ಚಾಮುಂಡೇಶ್ವರಿಗೆ. ಆನೆ ಮಾಡುವವರಿಗೆ ಮಾತ್ರ ಜನ ಆನೆ ನೋಡಲು ಬಂದಿದ್ದಾರೆಂಬ ಭ್ರಮೆ.

ನನ್ನ ಮೂರು ಸಾಲನ್ನು ನಾನು ಬಿಡಲಿಲ್ಲ. ಫೈರ್‌ಫಾಕ್ಸಿನ ಪ್ರೊಫೈಲ್ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಮಾಡಿ, ಅದರಲ್ಲಿ ‘ಯೂಸರ್‌ಕ್ರೋಮ್’ ಎಂಬ ಕಡತ ಇಟ್ಟು, ಯಾರೋ ಪುಣ್ಯಾತ್ಮರು ಬರೆದ ಕೋಡ್ ಅಂಟಿಸಿದರೆ ಟ್ಯಾಬುಗಳು ಮತ್ತೆ ಸಾಲುಗಟ್ಟುತ್ತವೆ. ಆ ಫೋಲ್ಡರಿನ ಹೆಸರು ಏನಿರಬೇಕು ಗೊತ್ತೆ? ‘ಕ್ರೋಮ್’! ಫೈರ್‌ಫಾಕ್ಸು ಕ್ರೋಮಿನ ಹಾಗೆ ಕಾಣದಿರಲಿ ಎಂದು ಫೈರ್‌ಫಾಕ್ಸಿನ ಹೊಟ್ಟೆಯೊಳಗೆ ಕ್ರೋಮ್ ಇಡಬೇಕು. ಆ ಹೆಸರು ಗೂಗಲ್‌ನ ಬ್ರೌಸರು ಹುಟ್ಟುವ ಮೊದಲಿನದೇ ಎಂದು ಮನೆಯವಳಿಗೆ ವಿವರಿಸಿದೆ. ಅವಳು ಕೊತ್ತಂಬರಿ ಬಿಡಿಸುತ್ತಿದ್ದಳು. 2019ರ 69ನೇ ಆವೃತ್ತಿಯಿಂದ ಇದಕ್ಕೂ ಗರ್ಭಗುಡಿಗೆ ಹೋಗಿ ಒಂದು ಸ್ವಿಚ್ ಒತ್ತಬೇಕು. 2021ರ ಜೂನ್‌ನಲ್ಲಿ 89 ಬಂದು ಟ್ಯಾಬುಗಳನ್ನು ತೇಲುವ ಬಿಲ್ಲೆಗಳನ್ನಾಗಿ ಮಾಡಿದಾಗ ಕೋಡನ್ನು ಮತ್ತೆ ತಿದ್ದಬೇಕಾಯಿತು.

ಅಷ್ಟರಲ್ಲಿ ಆ ಪ್ರಮಾಣಪತ್ರದ ಪ್ರಕರಣವೂ ಆಗಿಹೋಗಿತ್ತು. 2016ರಿಂದ ಪ್ರತಿ ಆಡ್-ಆನ್‌ಗೂ ಮೊಜಿಲ್ಲಾದ ಡಿಜಿಟಲ್ ಸಹಿ ಕಡ್ಡಾಯ. ಆ ಸಹಿಗೆ ಆಧಾರವಾದ ಪ್ರಮಾಣಪತ್ರಕ್ಕೆ ಒಂದು ಅವಧಿ. 2019ರ ಮೇ 4, ಶನಿವಾರ, ನಮ್ಮಲ್ಲಿ ಸುಪ್ರಭಾತದ ಹೊತ್ತಿಗೆ ಆ ಅವಧಿ ಮುಗಿದೇ ಹೋಯಿತು. ಲೋಕದಾದ್ಯಂತ ಫೈರ್‌ಫಾಕ್ಸಿನ ಆಡ್-ಆನ್‌ಗಳು ಸಾಲಾಗಿ ಕಣ್ಣುಮುಚ್ಚಿದವು. ಸರಿಪಡಿಸಿದ ಆವೃತ್ತಿ ಮಾರನೆಯ ದಿನವೇ ಬಂತು. ಪಕ್ಕದ ಮನೆಯ ನಿವೃತ್ತ ಖಜಾನೆ ನೌಕರರಿಗೆ ನಾನು ಇದನ್ನು ಹೇಳಿದಾಗ ಅವರು ಪೂರ್ತಿ ಕೇಳಿಸಿಕೊಂಡು, “ನವೆಂಬರ್‌ನಲ್ಲೇ ಕೊಟ್ಟುಬಿಡಬೇಕಿತ್ತು” ಎಂದರು.

ಅವರು ಕ್ರೋಮ್ ಪಕ್ಷದವರು. ನನ್ನ ಪಾಡು ನೋಡಿ ವರ್ಷಗಟ್ಟಲೆ ಮೀಸೆಯಡಿ ನಕ್ಕವರು. ಕ್ರೋಮಿನಲ್ಲೂ ಕಟ್ಟಳೆ ಬದಲಾಗಿ, ಮ್ಯಾನಿಫೆಸ್ಟ್ ವಿ3 ಎಂಬುದು ಬಂದು, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ 2024-25ರಲ್ಲಿ ಅಲ್ಲಿ ನಿಂತುಹೋಯಿತು. ಅವರು ಓದುವ ಪಂಚಾಂಗದ ಪುಟದ ಮೇಲೆ ಒಳ ಉಡುಪಿನ ಜಾಹೀರಾತು ಕುಣಿಯತೊಡಗಿದಾಗ ನಮ್ಮ ಗೇಟಿನ ಸದ್ದಾಯಿತು. ಫೈರ್‌ಫಾಕ್ಸಿನಲ್ಲಿ ಅದು ಇನ್ನೂ ಹಾಗೇ ನಡೆಯುತ್ತದೆ ಎಂದು ಹಾಕಿಕೊಟ್ಟೆ. ಮನೆಯವಳ ಫೋನಿಗೆ ಇಂಥ ಯಾವ ತಾಪತ್ರಯವೂ ತಟ್ಟಿಲ್ಲ. ಅದರಲ್ಲಿ ಆಡ್-ಆನ್ ಎಂಬುದೇ ಇಲ್ಲ. ಬಂದ ಅಪ್‌ಡೇಟನ್ನೆಲ್ಲ ಬಂದ ಕೂಡಲೇ ಮಾಡಿಕೊಳ್ಳುತ್ತಾಳೆ, ಮಾಡಿಕೊಂಡದ್ದು ಅವಳಿಗೆ ಗೊತ್ತೂ ಆಗುವುದಿಲ್ಲ. ಸಂತರು ಹಾಗಿರುತ್ತಾರಂತೆ.

ಹೋದ ದಸರೆಗೆ ಅಳಿಯ ಬಂದಿದ್ದ. ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಜಂಬೂಸವಾರಿಯ ಗೋಲ್ಡ್ ಕಾರ್ಡ್ ಆನ್‌ಲೈನಿನಲ್ಲಿ ಕೊಳ್ಳುತ್ತೇನೆಂದು ನನ್ನ ಕಂಪ್ಯೂಟರಿನ ಮುಂದೆ ಕೂತವನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ.

“ಮಾವ, ಇದು ಯಾವ ಬ್ರೌಸರು?”

“ಫೈರ್‌ಫಾಕ್ಸು.”

“ಅಲ್ಲ ಬಿಡಿ.”

ಮೌಸನ್ನು ಮೂರೂ ಸಾಲಿನ ಮೇಲೆ ಓಡಾಡಿಸಿದ. ಹೊಸ ಟ್ಯಾಬಿನ ಗುಂಡಿ ಎಲ್ಲಿದೆ ಎಂದು ಕೇಳಿದ. ಕೆಳಗಿನ ಸಾಲಿನ ತುದಿ ಎಂದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಅವನಿಗೆ ನನ್ನ ಎರಡನೇ ಸಾಲು ಕಣ್ಣಿಗೆ ಬಿತ್ತು. ಪ್ರತಿ ಟ್ಯಾಬಿನ ಹೆಸರೂ ಪೂರ್ತಿ ಓದುವಂತೆ ಕಾಣುತ್ತಿತ್ತು. ಆಫೀಸಿನ ತನ್ನ ಲ್ಯಾಪ್‌ಟಾಪಿನಲ್ಲಿ ಅರವತ್ತು ಟ್ಯಾಬ್ ತೆರೆದಿರುತ್ತವೆ, ಒಂದರ ಹೆಸರೂ ಕಾಣುವುದಿಲ್ಲ ಎಂದ. ಗೋಲ್ಡ್ ಕಾರ್ಡಿನ ಮಾತು ಅಲ್ಲಿಗೇ ನಿಂತಿತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ, “ಮಾವ, ಆ ಕೋಡು ನಂಗೂ ಒಂದಿಷ್ಟು ಕಳಿಸ್ತೀರಾ?” ಎಂದ.

ಕಳಿಸಿದೆ. ಫೋಲ್ಡರಿನ ಹೆಸರು ಪೂರ್ತಿ ಸಣ್ಣಕ್ಷರದಲ್ಲೇ ಇರಬೇಕು, ಮುಂದಿನ ಆವೃತ್ತಿಗೆ ಮತ್ತೆ ಕೆಟ್ಟರೆ ನನಗೇ ಫೋನ್ ಮಾಡು, ಸಂಜೆ ನಾಲ್ಕರ ಮೇಲೆ, ಅಂತಲೂ ಬರೆದೆ.